ಬ್ಯಾಕ್‌ಪ್ಯಾಕಿಂಗ್ ಗ್ರೂಪ್ ಟ್ರಿಪ್‌ಗೆ ದುಡ್ಡು ಹಾಕೋ ಮುಂಚೆ ದಯವಿಟ್ಟು ಇದನ್ನ ಓದಿ

ಇದನ್ನ ಬರೆಯೋಕೆ ನನಗೆ ಎರಡು ತಿಂಗಳು ಬೇಕಾಯ್ತು. ಸಿಟ್ಟಿಗಿಂತ ಜಾಸ್ತಿ ನಾಚಿಕೆ. ನಾನು ಸಹಕಾರ ಬ್ಯಾಂಕೊಂದರಲ್ಲಿ ಕೆಲಸ ಮಾಡೋಳು. ದಿನ ಬೆಳಗಾದ್ರೆ ರಸೀದಿ, ಚಲನ್, ಸಹಿ ನೋಡೋದೇ ನನ್ನ ಕೆಲಸ. ಅಂಥವಳು ಹೀಗೆ ಮೋಸ ಹೋದೆ ಅಂತ ಆಫೀಸಲ್ಲಿ ಇವತ್ತಿಗೂ ಯಾರಿಗೂ ಹೇಳಿಲ್ಲ. ಇವತ್ತು ಬರೀತಿರೋದಕ್ಕೆ ಒಂದು ಕಾರಣ ಇದೆ, ಕೊನೇಲಿ ಹೇಳ್ತೀನಿ. ಕಂಪನಿ ಹೆಸರು ಹಾಕಿಲ್ಲ. ದೂರು ಕೊಟ್ಟಿದೀವಿ, ತೀರ್ಪು ಬರೋವರೆಗೂ ಹೆಸರು ಬೇಡ ಅಂತ ವಕೀಲರು ಹೇಳಿದಾರೆ.

2024ರ ನವೆಂಬರ್ 20ರಿಂದ ಡಿಸೆಂಬರ್ 1, 12 ದಿನದ ಬ್ಯಾಕ್‌ಪ್ಯಾಕಿಂಗ್ ಟ್ರಿಪ್, ಅಂದ್ರೆ ಬೆನ್ನಿಗೊಂದು ಬ್ಯಾಗ್ ಹಾಕ್ಕೊಂಡು ಕಡಿಮೆ ಖರ್ಚಲ್ಲಿ ಸುತ್ತೋದು. ಬ್ಯಾಂಕಾಕ್, ಕಾಂಬೋಡಿಯಾದ ಸಿಯಾಮ್ ರೀಪ್ (ಅಂಗ್‌ಕೋರ್ ವಾಟ್ ಇರೋ ಊರು), ಆಮೇಲೆ ಥೈಲ್ಯಾಂಡ್‌ನ ಕೋ ಟಾವ್, ಕೋ ಫಂಗಾನ್ ದ್ವೀಪಗಳು. ನಾನು ಮತ್ತು ನನ್ನ ತಂಗಿ. ಬೆಂಗಳೂರಿನ ಹುಡುಗರು ನಡೆಸೋ ಟ್ರಿಪ್ ಕಂಪನಿ, ಇನ್‌ಸ್ಟಾಗ್ರಾಮ್‌ನಲ್ಲಿ ಸಾವಿರಾರು ಫಾಲೋವರ್‌ಗಳು, ಎಲ್ಲಾ ರೀಲ್‌ನಲ್ಲೂ ನಗ್ತಾ ಇರೋ ಮುಖಗಳು. ತಲೆಗೆ 64,999. ಅದರ ಮೇಲೆ ಜಿಎಸ್‌ಟಿ ಶೇ. 5, ಟಿಸಿಎಸ್ (ಮಾರೋರೇ ನಮ್ಮಿಂದ ಹಿಡಿದು ಸರ್ಕಾರಕ್ಕೆ ಕಟ್ಟೋ ತೆರಿಗೆ) ಶೇ. 5, ಜೊತೆಗೆ ‘ವೀಸಾ ಅಸಿಸ್ಟೆನ್ಸ್’ ಅಂತ 2,500. ಇಬ್ಬರಿಗೂ ಸೇರಿ 1 ಲಕ್ಷದ 48 ಸಾವಿರ ಚಿಲ್ಲರೆ. ವಿಮಾನದ ಟಿಕೆಟ್ ಬೇರೆ, ಅದು ನಮ್ಮದೇ.

ಅಪ್ಪ ಆಗಲೇ ಹೇಳಿದ್ರು, ‘ಗೊತ್ತಿರೋ ಟ್ರಾವೆಲ್ಸ್‌ನವರ ಹತ್ರ ಹೋಗಮ್ಮ’ ಅಂತ. ನಾನು ಕೇಳಲಿಲ್ಲ. ಆ ಟ್ರಾವೆಲ್ಸ್‌ನವರು ಬಸ್ಸಲ್ಲಿ ಕೂರಿಸಿ ಪಟ್ಟಾಯ ತೋರಿಸಿ ವಾಪಸ್ ಕರ್ಕೊಂಡು ಬರ್ತಾರೆ, ನನಗೆ ಅದು ಬೇಡವಾಗಿತ್ತು. ನನಗೆ ಬೇಕಾಗಿದ್ದು ಅಂಗ್‌ಕೋರ್ ವಾಟ್. ನಾವು ಹಾಸನದವರು, ಬೇಲೂರು ಹಳೇಬೀಡು ನೋಡ್ತಾ ಬೆಳೆದವರು. ಹೊಯ್ಸಳರು ಇಲ್ಲಿ ಗುಡಿ ಕಟ್ಟುತ್ತಿದ್ದ ಅದೇ 12ನೇ ಶತಮಾನದಲ್ಲಿ ಅಲ್ಲಿ ಸೂರ್ಯವರ್ಮನ್ ಅಂತ ಹೆಸರಿನ ರಾಜ ವಿಷ್ಣುವಿಗೆ ಅಷ್ಟು ದೊಡ್ಡ ದೇವಸ್ಥಾನ ಕಟ್ಟಿಸಿದಾನೆ. ಅಲ್ಲಿನ ಸಮುದ್ರ ಮಥನದ ಕೆತ್ತನೆ ಸುಮಾರು 49 ಮೀಟರ್ ಉದ್ದ ಇದೆ. ಅದನ್ನ ಒಂದು ಸಲ ಈ ತುದಿಯಿಂದ ಆ ತುದಿಗೆ ನಡೆದು ನೋಡಬೇಕು ಅನ್ನೋದು ನನ್ನ ಕಾಲೇಜು ದಿನಗಳ ಆಸೆ.

ಮೊದಲ ಪೆಟ್ಟು ಬ್ಯಾಂಕಾಕ್‌ನ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲೇ. ಇಮಿಗ್ರೇಷನ್ ಸಾಲಲ್ಲಿ ಪಕ್ಕದಲ್ಲಿದ್ದ ತುಮಕೂರಿನ ಒಬ್ಬರು ನಮ್ಮ ಕೈಯಲ್ಲಿದ್ದ ‘ವೀಸಾ ಲೆಟರ್’ ನೋಡಿ, ‘ಇದು ಯಾಕೆ? ನಮಗೆ ವೀಸಾನೇ ಬೇಡವಲ್ಲ’ ಅಂದ್ರು. ನಿಜ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಆ ವರ್ಷ ಜುಲೈನಿಂದಲೇ 60 ದಿನದವರೆಗೆ ವೀಸಾ ಬೇಡವಾಗಿತ್ತು. ಅಧಿಕಾರಿ ಆ ಲೆಟರ್ ಮುಟ್ಟಿಯೂ ನೋಡಲಿಲ್ಲ, ಠಪ್ಪಂತ ಸೀಲು ಹೊಡೆದ್ರು. ವಾಟ್ಸಾಪಲ್ಲಿ ಕೇಳಿದ್ದಕ್ಕೆ ಬಂದ ಉತ್ತರ: ‘ಅದು ಕಾಂಬೋಡಿಯಾ ವೀಸಾಗೆ ಮೇಡಂ.’ ಸರಿ ಅಂತ ಸುಮ್ಮನಾದೆ. ಅಲ್ಲೇ ಸುಮ್ಮನಾಗಬಾರದಿತ್ತು.

ಹಾಸ್ಟೆಲಿಗೆ ಹೋದ್ರೆ ನಾವು 14 ಜನ, ಅವರು ತಗೊಂಡಿದ್ದು ಎಂಟು ಮಂಚದ ಒಂದೇ ರೂಮು, ಅದೂ ಗಂಡಸರು ಹೆಂಗಸರು ಒಟ್ಟಿಗೆ. ಹೆಣ್ಣುಮಕ್ಕಳಿಗೆ ಬೇರೆ ಡಾರ್ಮ್ ಅಂತ ಬರವಣಿಗೆಯಲ್ಲೇ ಕೊಟ್ಟಿದ್ರು. ನಮ್ಮ ಜೊತೆ ಬಂದಿದ್ದ ‘ಟ್ರಿಪ್ ಕ್ಯಾಪ್ಟನ್’ ಇಪ್ಪತ್ಮೂರು ವರ್ಷದ ಹುಡುಗ. ‘ಇವತ್ತೊಂದಿನ ಅಡ್ಜಸ್ಟ್ ಮಾಡ್ಕೊಳ್ಳಿ ಅಕ್ಕ’ ಅಂದ. ಬೆಂಗಳೂರಿಗೆ ಫೋನ್ ಮಾಡಿದ್ರೆ ಅಲ್ಲಿಂದ ಒಂದೇ ಮಾತು: ‘ಮೇಡಂ, ಇದು ಬ್ಯಾಕ್‌ಪ್ಯಾಕಿಂಗ್. ಫ್ಯಾಮಿಲಿ ಟೂರ್ ಅಲ್ಲ.’

ಈ ಮಾತನ್ನ ನೆನಪಿಟ್ಕೊಳ್ಳಿ. ಹನ್ನೆರಡು ದಿನವೂ ಇದೇ ಮಾತು. ರೂಮಿಲ್ಲ ಅಂದ್ರೆ ಬ್ಯಾಕ್‌ಪ್ಯಾಕಿಂಗ್. ಊಟ ಇಲ್ಲ ಅಂದ್ರೆ ಬ್ಯಾಕ್‌ಪ್ಯಾಕಿಂಗ್. ಕೊಟ್ಟ ಮಾತಿಗೆ ತಪ್ಪಿದ್ದೆಲ್ಲಾ ಬ್ಯಾಕ್‌ಪ್ಯಾಕಿಂಗ್.

ಸಿಯಾಮ್ ರೀಪ್‌ಗೆ ಎಸಿ ವ್ಯಾನ್ ಅಂತ ಇತ್ತು. ಕರ್ಕೊಂಡು ಹೋಗಿದ್ದು ಬೆಳಗಿನ ಜಾವ ಹುವಾ ಲಂಫೋಂಗ್ ಸ್ಟೇಷನ್‌ನಿಂದ ಹೊರಡೋ ಮೂರನೇ ದರ್ಜೆ ರೈಲಲ್ಲಿ. ರೈಲಿನ ಬಗ್ಗೆ ನನಗೆ ದೂರಿಲ್ಲ, ಕಿಟಕಿ ಆಚೆ ಗದ್ದೆ ನೋಡ್ತಾ ಚೆನ್ನಾಗೇ ಇತ್ತು. ಆದ್ರೆ ಆ ಟಿಕೆಟ್‌ಗೆ ಐವತ್ತು ಬಾತ್ ಕೂಡ ಆಗಲಿಲ್ಲ, ನಮ್ಮ ದುಡ್ಡಲ್ಲಿ ನೂರಿಪ್ಪತ್ತು ರೂಪಾಯಿ. ವ್ಯಾನಿನ ದುಡ್ಡು ಎಲ್ಲಿ ಹೋಯ್ತು? ಕೇಳಿದ್ದಕ್ಕೆ ‘ಲೋಕಲ್ ಎಕ್ಸ್‌ಪೀರಿಯನ್ಸ್’ ಅಂದ್ರು.

ಗಡಿ ಹತ್ತಿರ ಕ್ಯಾಪ್ಟನ್ ಎಲ್ಲರ ಹತ್ರ 1,800 ಬಾತ್ ಕೇಳಿದ, ಕಾಂಬೋಡಿಯಾ ವೀಸಾಗೆ ಅಂತ. ಹಾಗಾದ್ರೆ ಆ 2,500 ರೂಪಾಯಿ? ‘ಅದು ಸರ್ವಿಸ್ ಚಾರ್ಜ್ ಅಕ್ಕ, ಇದು ವೀಸಾ ಫೀಸು.’ ಗಡಿ ದಾಟಿದ್ರೆ ಸಿಗೋ ಕಾಂಬೋಡಿಯಾದ ಊರು ಪೊಯ್ಪೆಟ್‌ನಲ್ಲಿ ಬೋರ್ಡ್ ನೋಡಿದೆ, ಟೂರಿಸ್ಟ್ ವೀಸಾ 30 ಡಾಲರ್. ಅಂದ್ರೆ ಸಾವಿರ ಬಾತ್‌ನ ಆಸುಪಾಸು. ಮಿಕ್ಕ 800 ಬಾತ್ ತಲೆಗೆ, 14 ತಲೆ. ನಾನು ಎಲ್ಲರ ಎದುರಿಗೇ ಕೇಳಿದೆ. ಆ ಹುಡುಗ ಮುಖ ಕೆಳಗೆ ಹಾಕಿ, ‘ಆಫೀಸಿಂದ ಹಿಂಗೇ ಕಲೆಕ್ಟ್ ಮಾಡು ಅಂದಿದಾರೆ’ ಅಂದ.

ಅಂಗ್‌ಕೋರ್. ಪೋಸ್ಟರ್‌ನಲ್ಲಿ ‘ಅಂಗ್‌ಕೋರ್ ವಾಟ್ ಸೂರ್ಯೋದಯ, ಎಂಟ್ರಿ ಸೇರಿ’ ಅಂತ ಇತ್ತು. ಹಿಂದಿನ ರಾತ್ರಿ ಕ್ಯಾಪ್ಟನ್ ‘ಗ್ರೂಪ್ ಪಾಸ್ ಆಗಿದೆ’ ಅಂದ. ಬೆಳಗ್ಗೆ ನಾಲ್ಕೂವರೆಗೆ ಟುಕ್‌ಟುಕ್ ಹತ್ತಿಸಿ ಟಿಕೆಟ್ ಕೌಂಟರ್ ಹತ್ರ ಇಳಿಸಿದ. ಅಲ್ಲಿ ಒಬ್ಬೊಬ್ಬರದೇ ಫೋಟೋ ತೆಗೀತಾರೆ, ಪಾಸಿನ ಮೇಲೆ ಅವರವರ ಮುಖ ಅಚ್ಚಾಗಿರುತ್ತೆ. ಒಬ್ಬರ ಪಾಸು ಇನ್ನೊಬ್ಬರಿಗೆ ನಡೆಯಲ್ಲ. ಗ್ರೂಪ್ ಪಾಸ್ ಅನ್ನೋದು ಹೇಗೆ ಇರೋಕೆ ಸಾಧ್ಯ? ನಮ್ಮ ಫೋಟೋನೇ ಯಾರೂ ಕೇಳಿರಲಿಲ್ಲವಲ್ಲ! ಒಂದು ದಿನದ ಪಾಸು 37 ಡಾಲರ್, ಮೂರು ಸಾವಿರ ರೂಪಾಯಿಗಿಂತ ಮೇಲೆ. ಕೈಯಿಂದ ಕೊಟ್ವಿ. ಇಬ್ಬರು ಹುಡುಗಿಯರ ಹತ್ರ ಡಾಲರ್ ಮುಗಿದು ಹೋಗಿತ್ತು, ಅವರಿಗೂ ನಾವೇ ಕೊಟ್ವಿ. ಇಷ್ಟಾದ್ಮೇಲೆ ಒಳಗೆ ಒಂದೂವರೆ ಗಂಟೆ ಅಷ್ಟೇ, ‘ಮುಂದಿನ ಸ್ಪಾಟ್ ಲೇಟ್ ಆಗತ್ತೆ.’ ಸಮುದ್ರ ಮಥನದ ಗೋಡೆ ಮುಂದೆ ನಿಂತು ಅಸುರರ ಸಾಲು ಮುಗಿಸಿ ನಡುವಿನ ವಿಷ್ಣು ಹತ್ರ ಬರೋಷ್ಟರಲ್ಲಿ ಕ್ಯಾಪ್ಟನ್ ಫೋನು. ಆಚೆ ಕಡೆ ದೇವತೆಗಳ ಸಾಲು ನಾನು ನೋಡಲಿಲ್ಲ. ಅಷ್ಟು ದೂರ ಹೋಗಿ ಅರ್ಧ ನೋಡಿ ಬಂದೆ. ದುಡ್ಡಿಗಿಂತ ಹೆಚ್ಚು ಇದು ಇವತ್ತಿಗೂ ಉರಿಯುತ್ತೆ.

ಈಗ ಚುಂಫೋನ್, ದ್ವೀಪಗಳಿಗೆ ದೋಣಿ ಹತ್ತೋ ಊರು. ಮುಖ್ಯ ವಿಷಯ ಇದೇ.

ವಾಪಸ್ ಬ್ಯಾಂಕಾಕ್‌ಗೆ ಬಂದು, ಅದೇ ರಾತ್ರಿ ಖಾವ್ ಸಾನ್ ರಸ್ತೆಯಿಂದ ಬಸ್ ಹತ್ತಿ 27ರ ಬೆಳಗಿನ ಜಾವ ಚುಂಫೋನ್ ಜೆಟ್ಟಿಯಲ್ಲಿ ಇಳಿದ್ವಿ. ಜಡಿಮಳೆ. ಅಲ್ಲಿಂದ ಕೋ ಟಾವ್‌ಗೆ ಫೆರಿ. ಕ್ಯಾಪ್ಟನ್ ಕೌಂಟರ್‌ಗೆ ಹೋಗಿ ಮೊಬೈಲ್ ತೋರಿಸಿದ. ಕೌಂಟರಲ್ಲಿದ್ದ ಹೆಂಗಸು ನೋಡಿದ್ರು, ಕಂಪ್ಯೂಟರಲ್ಲಿ ಹುಡುಕಿದ್ರು, ತಲೆ ಅಲ್ಲಾಡಿಸಿದ್ರು. ಮತ್ತೆ ಹುಡುಕಿದ್ರು. ಬುಕಿಂಗ್ ನಂಬರ್ ಕೇಳಿದ್ರು. ಇವನ ಹತ್ರ ನಂಬರ್ ಇಲ್ಲ, ಸ್ಕ್ರೀನ್‌ಶಾಟ್ ಇದೆ. ಆಕೆ ಮೊಬೈಲನ್ನ ನಮ್ಮ ಕಡೆ ತಿರುಗಿಸಿ ಸ್ಕ್ರೀನ್‌ಶಾಟ್‌ನ ಕೆಳಗಡೆ ಬೆರಳಿಟ್ಟು ತೋರಿಸಿದ್ರು.

‘ಪೇ ನೌ.’

ಕಿತ್ತಳೆ ಬಣ್ಣದ ಬಟನ್. ಅಂದ್ರೆ ದುಡ್ಡೇ ಕಟ್ಟಿಲ್ಲ. 14 ಜನರ ಹೆಸರು, ದಿನಾಂಕ, ಸಮಯ ಎಲ್ಲಾ ತುಂಬಿಸಿ, ದುಡ್ಡು ಕಟ್ಟೋ ಪುಟದ ತನಕ ಹೋಗಿ, ಅಲ್ಲಿ ಒಂದು ಫೋಟೋ ಹೊಡ್ಕೊಂಡು ಬಿಟ್ಟಿದಾರೆ. ಇದೇ ಸ್ಕ್ರೀನ್‌ಶಾಟನ್ನ ಟ್ರಿಪ್‌ಗೆ ಇಪ್ಪತ್ತು ದಿನ ಮುಂಚೆ ಗ್ರೂಪಿಗೆ ಹಾಕಿ ‘ಫೆರಿ ಡನ್’ ಅಂತ ಬರೆದಿದ್ರು. ನಾವೆಲ್ಲಾ ಹೆಬ್ಬೆಟ್ಟು ಒತ್ತಿದ್ವಿ. ನಾನೂ ಒತ್ತಿದ್ದೆ. ಆ ಬಟನ್ ಅಷ್ಟೂ ದಿನ ನನ್ನ ಮೊಬೈಲಲ್ಲೇ ಇತ್ತು. ಸೀಲಿಲ್ಲದ ಒಂದು ಚಲನ್ ಕೌಂಟರಿಗೆ ಬಂದ್ರೆ ನಾನು ವಾಪಸ್ ಕಳಿಸ್ತೀನಿ. ಇದನ್ನ ನೋಡಲಿಲ್ಲ. ಆ ಜೆಟ್ಟಿಯಲ್ಲಿ ನಿಂತಾಗ ಕೈಕಾಲು ತಣ್ಣಗಾಯ್ತು. ತಂಗಿ ನನ್ನ ಮುಖ ನೋಡ್ತಿದ್ಲು, ಕರ್ಕೊಂಡು ಬಂದಿದ್ದು ನಾನು.

ಆಮೇಲೆ ಆ ಹೆಂಗಸು ಇನ್ನೊಂದು ಮಾತು ಹೇಳಿದ್ರು. ಬುಕಿಂಗ್ ಇದ್ದಿದ್ರೂ ಉಪಯೋಗ ಇರಲಿಲ್ಲ, ಅಲೆ ಜೋರು, ಇವತ್ತು ದೋಣಿ ಬಿಡಲ್ಲ, ನಾಳೆದೂ ಗೊತ್ತಿಲ್ಲ. ನವೆಂಬರಲ್ಲಿ ಈ ಕಡೆ ಹೀಗೇ ಅಂದ್ರು. ಅಲ್ಲೇ ಕೂತು ಓದಿದೆ. ಕೋ ಟಾವ್, ಕೋ ಫಂಗಾನ್, ಕೋ ಸಮುಯಿ ಇರೋ ಕೊಲ್ಲಿಯ ಕಡೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮಳೆಗಾಲ, ನವೆಂಬರಲ್ಲೇ ಅತಿ ಹೆಚ್ಚು. ಆ ಹೊತ್ತಿಗೆ ಆಚೆ ಅಂಡಮಾನ್ ಸಮುದ್ರದ ಕಡೆ, ಕ್ರಾಬಿ, ಫಿ ಫಿ, ಫುಕೆಟ್‌ನಲ್ಲಿ ಒಳ್ಳೇ ಕಾಲ ಶುರುವಾಗಿರುತ್ತೆ. ಜುಲೈ ತಿಂಗಳಲ್ಲಿ ಮುರುಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ಅಂತ ಯಾರಾದ್ರೂ ದುಡ್ಡು ತಗೊಂಡ್ರೆ ಏನನ್ನಬೇಕು? ಇದೂ ಅದೇ. ಪೋಸ್ಟರ್‌ನಲ್ಲಿ ಇದಕ್ಕೆ ‘ಸೀಸನ್ ಸ್ಟಾರ್ಟ್’ ಅಂತ ಹಾಕಿದ್ರು. ಅದೇ ವಾರ ದಕ್ಷಿಣ ಥೈಲ್ಯಾಂಡ್‌ನಲ್ಲಿ ದೊಡ್ಡ ನೆರೆ ಬಂದು ಎಷ್ಟೋ ಜನ ಮನೆ ಬಿಟ್ಟರು.

ಇನ್ನೊಂದು. ಕೋ ಫಂಗಾನ್‌ನಲ್ಲಿ ‘ಫುಲ್ ಮೂನ್ ಪಾರ್ಟಿ’ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ರು. ನನಗೆ ಪಾರ್ಟಿಯಲ್ಲಿ ಆಸಕ್ತಿ ಇರಲಿಲ್ಲ, ಗುಂಪಿನ ಹುಡುಗರು ಅದಕ್ಕಾಗೇ ಬಂದಿದ್ರು. ಕಾರ್ತಿಕ ಹುಣ್ಣಿಮೆ ನವೆಂಬರ್ 15ಕ್ಕೇ ಮುಗಿದಿತ್ತು. ನಾವು ಆ ದ್ವೀಪದಲ್ಲಿ ಇರಬೇಕಾಗಿದ್ದಿದ್ದು ಅಮಾವಾಸ್ಯೆ ಹೊತ್ತಿಗೆ! ಮನೆ ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದ್ರೂ ಗೊತ್ತಾಗ್ತಿತ್ತು. ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಹಾಕಿದಾರೆ.

ಬೆಂಗಳೂರಿಗೆ ಫೋನ್ ಮಾಡಿದ್ವಿ. ಎತ್ತಲಿಲ್ಲ. ವಾಟ್ಸಾಪಲ್ಲಿ ಬಂದ ಉತ್ತರಗಳನ್ನ ಹಾಗೇ ಹಾಕ್ತಿದೀನಿ, ಎಲ್ಲದರ ಸ್ಕ್ರೀನ್‌ಶಾಟ್ ಇದೆ.

‘ಮೇಡಂ ವೆದರ್ ನಮ್ಮ ಕೈಲಿಲ್ಲ.’

ನಾನು: ಫೆರಿಗೆ ದುಡ್ಡೇ ಕಟ್ಟಿಲ್ಲವಲ್ಲ?

‘ಐಟಿನರರಿ ಫ್ಲೆಕ್ಸಿಬಲ್ ಅಂತ ಮೊದಲೇ ಹೇಳಿದೀವಿ.’

ನಾನು: ದುಡ್ಡು ಕಟ್ಟಿದೀರಾ ಇಲ್ವಾ?

‘ಮಿಕ್ಕವರೆಲ್ಲಾ ಎಂಜಾಯ್ ಮಾಡ್ತಿದಾರೆ, ನೀವೊಬ್ಬರೇ ಕಂಪ್ಲೇಂಟ್ ಮಾಡ್ತಿರೋದು.’

ಮಿಕ್ಕವರು ನನ್ನ ಪಕ್ಕದಲ್ಲೇ ನೆಂದ ಬ್ಯಾಗ್ ಮೇಲೆ ಕೂತಿದ್ರು. ಹುಬ್ಬಳ್ಳಿ ಹುಡುಗ ತನ್ನ ಫೋನ್ ತೋರಿಸಿದ, ಅವನಿಗೂ ಅಕ್ಷರ ಬಿಡದೆ ಅದೇ ಸಾಲು. ‘ನೀವೊಬ್ಬರೇ.’ ಹದಿನಾಲ್ಕು ಜನಕ್ಕೂ ‘ನೀವೊಬ್ಬರೇ’! ನಾನು ಅದನ್ನ ಗ್ರೂಪಲ್ಲಿ ಹಾಕಿದ ಐದು ನಿಮಿಷಕ್ಕೆ ನನ್ನನ್ನ ಗ್ರೂಪಿಂದ ತೆಗೆದ್ರು. ಕಾರಣ, ‘ನೆಗೆಟಿವ್ ವೈಬ್ ಸ್ಪ್ರೆಡ್ ಮಾಡ್ತಿದೀರ.’

ಆ ಕ್ಯಾಪ್ಟನ್ ಹುಡುಗ ಅಲ್ಲೇ ಅತ್ತುಬಿಟ್ಟ. ಅವನೂ ಥೈಲ್ಯಾಂಡ್‌ಗೆ ಬಂದಿದ್ದು ಅದೇ ಮೊದಲು. ಸಂಬಳ ಇಲ್ಲ, ಊಟ ವಸತಿ ಫ್ರೀ ಅಂತ ಕಳಿಸಿದಾರೆ. ಗಡಿಯಲ್ಲಿ ಅವನು ಮಾಡಿದ್ದು ತಪ್ಪೇ. ಆದ್ರೆ ಅವತ್ತು ಅವನ ಮೇಲೆ ಕೂಗಾಡೋಕೆ ನನ್ನಿಂದ ಆಗಲಿಲ್ಲ. ಅವನಿಗೂ ನಾವೇ ಊಟ ಕೊಡಿಸಿದ್ವಿ.

ಮೂರು ದಿನ ಚುಂಫೋನ್‌ನ ಒಂದು ಸಣ್ಣ ಲಾಡ್ಜಲ್ಲಿ. ಕೋ ಟಾವ್‌ನ ಹಾಸ್ಟೆಲಿಗೆ ನಾನೇ ಫೋನ್ ಮಾಡಿದೆ, ಅಲ್ಲೂ ನಮ್ಮ ಹೆಸರಲ್ಲಿ ಏನೂ ಇಲ್ಲ. ಕೈಯಲ್ಲಿದ್ದ ದುಡ್ಡು ಮುಗೀತು. ಅಪ್ಪನಿಗೆ ಫೋನ್ ಮಾಡಿ ತಂಗಿ ಅಕೌಂಟಿಗೆ 40,000 ಹಾಕಿಸಿಕೊಂಡೆ. ಅಪ್ಪ ಬೈಯಲಿಲ್ಲ. ‘ಇಬ್ಬರೂ ಹುಷಾರಾಗಿದೀರ ತಾನೆ?’ ಅಂದ್ರು ಅಷ್ಟೇ. ಬೈದಿದ್ರೆ ವಾಸಿ ಇತ್ತು. ಸಮುದ್ರ ನೋಡಿದ್ದು ಜೆಟ್ಟಿಯಿಂದ ಮಾತ್ರ, ದ್ವೀಪ ಒಂದೂ ನೋಡಲಿಲ್ಲ. ರೈಲು ಹತ್ತಿ ಬ್ಯಾಂಕಾಕ್, ಅಲ್ಲಿಂದ ಮನೆ.

ಬಂದ್ಮೇಲೆ ದುಡ್ಡು ವಾಪಸ್ ಕೇಳಿದೆ. ಮೊದಲು ‘ನಾನ್ ರೀಫಂಡಬಲ್’. ಆಮೇಲೆ ‘ಆಕ್ಟ್ ಆಫ್ ಗಾಡ್’. ದೇವರು ಬಂದು ಪೇ ನೌ ಒತ್ತಬೇಡಿ ಅಂದಿದ್ನಾ? ಆಮೇಲೆ ಬಂದಿದ್ದು ಎಲ್ಲಕ್ಕಿಂತ ಅವಮಾನದ್ದು: ‘ನಿಮ್ಮ ಫೀಲಿಂಗ್ಸ್ ಅರ್ಥ ಆಗುತ್ತೆ ಮೇಡಂ, ಬಾಲಿ ಟ್ರಿಪ್‌ಗೆ 10,000 ಡಿಸ್ಕೌಂಟ್ ಕೊಡ್ತೀವಿ.’

ಟಿಸಿಎಸ್ ವಿಷಯ ಹೇಳಲೇಬೇಕು. ಫಾರಿನ್ ಟೂರ್ ಪ್ಯಾಕೇಜ್ ಮಾರೋರು ಟಿಸಿಎಸ್ ಹಿಡಿದ್ರೆ ಅದನ್ನ ನಮ್ಮ ಪ್ಯಾನ್ ಮೇಲೆ ಸರ್ಕಾರಕ್ಕೆ ಕಟ್ಟಬೇಕು, ಅದು ನಮ್ಮ ಹೆಸರಲ್ಲಿ ಕಟ್ಟಿದ ತೆರಿಗೆ ತೋರಿಸೋ 26ಎಎಸ್‌ನಲ್ಲಿ ಕಾಣುತ್ತೆ, ರಿಟರ್ನ್ಸ್ ಹಾಕುವಾಗ ನಾವು ಕ್ಲೇಮ್ ಮಾಡಬಹುದು. ನಮ್ಮಿಬ್ಬರ 26ಎಎಸ್ ಮೊನ್ನೆ ತೆಗೆದು ನೋಡಿದೆ. ಏನೂ ಇಲ್ಲ. ಇರೋದಾದ್ರೂ ಹೇಗೆ, ನಮ್ಮ ಪ್ಯಾನ್ ನಂಬರೇ ಅವರು ಕೇಳಿರಲಿಲ್ಲ! ಬಿಲ್‌ನಲ್ಲಿ ಜಿಎಸ್‌ಟಿ ಅಂತ ಇದೆ, ಜಿಎಸ್‌ಟಿ ನಂಬರ್ ಇಲ್ಲ. ಯುಪಿಐನಲ್ಲಿ ದುಡ್ಡು ಹಾಕುವಾಗ ಬಂದ ಹೆಸರು ಕಂಪನಿದಲ್ಲ, ಯಾರೋ ಒಬ್ಬರ ಸ್ವಂತ ಹೆಸರು. ಅದನ್ನೂ ನೋಡಿದ್ದೆ, ನೋಡಿ ಒತ್ತಿದ್ದೆ.

ಹಾಗಾಗಿ ಹೇಳ್ತಿದೀನಿ. ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಹೆಸರಿರೋ ಟಿಕೆಟ್ ಮತ್ತು ಬುಕಿಂಗ್ ನಂಬರ್ ಕೇಳಿ, ಹಾಸ್ಟೆಲಿಗೆ ನೀವೇ ಫೋನ್ ಮಾಡಿ. ದುಡ್ಡು ಹೋಗೋ ಖಾತೆ ಯಾರದು ನೋಡಿ. ಪ್ಯಾನ್ ಕೇಳದೆ ಟಿಸಿಎಸ್ ಹಿಡಿದ್ರೆ ಅಲ್ಲೇ ನಿಲ್ಲಿಸಿ. ಯಾವ ದ್ವೀಪಕ್ಕೆ ಯಾವ ತಿಂಗಳು ಅಂತ ನೀವೇ ಓದ್ಕೊಳ್ಳಿ. ‘ಬ್ಯಾಕ್‌ಪ್ಯಾಕಿಂಗ್ ಅಂದ್ರೆ ಹೀಗೇ’ ಅಂದ್ರೆ ಒಪ್ಪಬೇಡಿ. ನಿಜವಾದ ಬ್ಯಾಕ್‌ಪ್ಯಾಕರ್‌ಗಳನ್ನ ಆ ರೈಲಲ್ಲಿ ನೋಡಿದೆ, ಅವರು ಐವತ್ತು ಬಾತ್ ಟಿಕೆಟ್‌ಗೆ ಐವತ್ತು ಬಾತೇ ಕೊಟ್ಟಿದ್ರು.

ಈಗಾಗಲೇ ಸಿಕ್ಕಿಬಿದ್ದಿದ್ರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಕಂಪನಿ ಬೆಂಗಳೂರಲ್ಲಿದ್ರೂ ನೀವಿರೋ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷದವರೆಗೆ ಫೀಸಿಲ್ಲ. ನಾವು ಒಂಬತ್ತು ಜನ ಕೊಟ್ಟಿದೀವಿ. ಐದು ಜನ ‘ಮನೇಲಿ ಗೊತ್ತಾದ್ರೆ ಕಷ್ಟ’ ಅಂತ ಹಿಂದೆ ಸರಿದ್ರು. ಅವರ ಮೇಲೆ ನನಗೆ ಬೇಜಾರಿಲ್ಲ.

ಇವತ್ತು ಯಾಕೆ ಬರೆದೆ ಅಂದ್ರೆ, ಬೆಳಗ್ಗೆ ಅವರ ಹೊಸ ಪೋಸ್ಟರ್ ನೋಡಿದೆ. ಮಾರ್ಚ್ ಬ್ಯಾಚ್, ಮುಂಗಡ 9,999, ‘ನಮ್ಮ ಹ್ಯಾಪಿ ಟ್ರಾವೆಲರ್ಸ್’ ಅಂತ ಅಂಗ್‌ಕೋರ್ ವಾಟ್ ಕೊಳದ ಮುಂದೆ ನಿಂತಿರೋ ಗುಂಪಿನ ಫೋಟೋ. ಆ ಫೋಟೋ ಚುಂಫೋನ್‌ಗೆ ಮೂರು ದಿನ ಮುಂಚೆ ತೆಗೆದಿದ್ದು. ಎಡಗಡೆಯಿಂದ ಮೂರನೆಯವಳು ನನ್ನ ತಂಗಿ. ಅವಳ ನಗು ನೋಡಿ ಯಾರೂ ದುಡ್ಡು ಹಾಕಬೇಡಿ.