ಬ್ರಿಕ್ಸ್ ಲೈಫ್‌ಟೈಮ್ ಲೈಸೆನ್ಸ್: ನಾಲ್ಕು ವರ್ಷ ಬಳಸಿದ ಮೇಲೆ

ಶಿರಸಿಯಲ್ಲಿ ನಮ್ಮದೊಂದು ಸಣ್ಣ ವೆಬ್‌ಸೈಟ್ ಆಫೀಸು. ನಾನು, ಜೊತೆಗೊಬ್ಬ ಹುಡುಗ, ಎರಡು ಲ್ಯಾಪ್‌ಟಾಪು, ಒಂದು ಇನ್ವರ್ಟರು. ಹೋಂಸ್ಟೇಗಳು, ಅಡಿಕೆ ವ್ಯಾಪಾರಿಗಳು, ಒಂದೆರಡು ಶಾಲೆ, ಒಂದು ಯಕ್ಷಗಾನ ಮೇಳ, ಗಿರಾಕಿಗಳೆಂದರೆ ಇಷ್ಟು. 2021ರ ಕೊನೆಯಲ್ಲಿ ಬ್ರಿಕ್ಸ್ ಎಂಬ ಬಿಲ್ಡರಿನ, ಅಂದರೆ ವರ್ಡ್‌ಪ್ರೆಸ್ ಎಂಬ ವೆಬ್‌ಸೈಟ್ ನಡೆಸುವ ಸಾಫ್ಟ್‌ವೇರಿನಲ್ಲಿ ಪುಟ ಕಟ್ಟುವ ಉಪಕರಣದ, ಲೈಫ್‌ಟೈಮ್ ಲೈಸೆನ್ಸ್ ಕೊಂಡೆ. ಒಂದೇ ಸಲ ದುಡ್ಡು, ಎಷ್ಟು ಸೈಟಿಗಾದರೂ ಹಾಕಿಕೊಳ್ಳಬಹುದು, ಅಪ್‌ಡೇಟ್ ಕಡೇತನಕ. ಕೊಂಡ ವಾರದಲ್ಲೇ ಬರೆದ ವಿಮರ್ಶೆಗಳು ಬೇಕಾದಷ್ಟಿವೆ. ಆದರೆ ಲೈಫ್‌ಟೈಮ್ ಅಂತ ಮಾರಿದ್ದನ್ನು ಒಂದು ವಾರದಲ್ಲಿ ಏನಂತ ಅಳೆಯುವುದು? ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ.

ಇದಕ್ಕೂ ಮೊದಲು ಒಮ್ಮೆ ಕೈ ಸುಟ್ಟುಕೊಂಡಿದ್ದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪೋಸ್ಟುಗಳನ್ನು ಮೊದಲೇ ಹಾಕಿಟ್ಟು ಹೊತ್ತಿಗೆ ಸರಿಯಾಗಿ ಹೊರಬಿಡುವ ಒಂದು ಸಾಫ್ಟ್‌ವೇರು. ಹೆಸರು ಬೇಡ. ಡೀಲುಗಳಿಗೆಂದೇ ಇದ್ದ ಒಂದು ಗುಂಪಿನಲ್ಲಿ ಅದರ ಹೊಗಳಿಕೆ ನೋಡಿದೆ. "ಇನ್ನು 6 ಗಂಟೆ ಮಾತ್ರ" ಅಂತ ಗಡಿಯಾರ ಓಡುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಕಾರ್ಡ್ ಒತ್ತಿದೆ. ಹದಿನಾಲ್ಕು ತಿಂಗಳಿಗೆ "ನಾವು ಬಾಗಿಲು ಹಾಕುತ್ತಿದ್ದೇವೆ" ಅಂತ ಮೇಲ್ ಬಂತು. ಗುಂಪಿಗೆ ಹೋಗಿ ಕೇಳಿದರೆ ನನ್ನ ಪ್ರಶ್ನೆಯೇ ಮಾಯ. ಗುಂಪು ನಡೆಸುವವರಿಗೆ ಪ್ರತಿ ಮಾರಾಟಕ್ಕೂ ಕಮಿಷನ್ ಹೋಗುತ್ತಿತ್ತು ಎಂದು ಆಮೇಲೆ ತಿಳಿಯಿತು. ಸಂತೆಯಲ್ಲಿ ದಲ್ಲಾಳಿಯನ್ನೇ ಕೇಳಿ ಎಮ್ಮೆ ಕೊಂಡ ಹಾಗಾಯಿತು ನನ್ನ ಕತೆ.

ಮತ್ತೆ ಯಾಕೆ ಲೈಫ್‌ಟೈಮಿಗೇ ಹೋದೆ? 2021ರ ಅಕ್ಟೋಬರ್ 1 ನಿಮಗೂ ನೆನಪಿರಬಹುದು. ಕಾರ್ಡಿನಿಂದ ತಾನಾಗಿಯೇ ಕಡಿತವಾಗುವ ಪಾವತಿಗಳಿಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಗೆ ಬಂತು. 5,000 ರೂಪಾಯಿಗಿಂತ ಜಾಸ್ತಿ ಇದ್ದರೆ ಪ್ರತಿ ಸಲವೂ ಒಟಿಪಿ ಬೇಕು. ಈ ಮಿತಿ 15,000ಕ್ಕೆ ಏರಿದ್ದು 2022ರಲ್ಲಿ. ನಿಯಮವೇನೋ ನಮ್ಮ ದುಡ್ಡು ಕಾಯಲಿಕ್ಕೇ ಇದ್ದದ್ದು. ಆದರೆ ಎಷ್ಟೋ ವಿದೇಶಿ ಕಂಪನಿಗಳು ಅದಕ್ಕೆ ತಯಾರಾಗಿರಲಿಲ್ಲ. ನಾನು ತಿಂಗಳು ತಿಂಗಳು ಕಟ್ಟುತ್ತಿದ್ದ ಮೂರು ಸಾಫ್ಟ್‌ವೇರುಗಳ ಪಾವತಿ ಒಂದೇ ವಾರದಲ್ಲಿ ಫೇಲಾಯಿತು. ಒಂದು ಹೋಂಸ್ಟೇ ಸೈಟಿನ ಫಾರ್ಮ್ ದಸರಾ ರಜೆಯಲ್ಲೇ ನಿಂತುಹೋಯಿತು. ಒಂದು ಸಲ ಕೊಟ್ಟು ಮುಗಿಸುವಂಥದ್ದು ಸಿಕ್ಕರೆ ಸಾಕಪ್ಪಾ ಅನ್ನಿಸಿದ್ದು ಆಗ.

ಇಂಥ ಡೀಲುಗಳಿಗೆ ದೊಡ್ಡ ಸಂತೆ ಎಂದರೆ ಆಪ್‌ಸುಮೋ. 2010ರಲ್ಲಿ ನೋವಾ ಕೇಗನ್ ಶುರು ಮಾಡಿದ್ದು, ಅಮೆರಿಕದ ಆಸ್ಟಿನ್ ಊರಿನದು. ಅಲ್ಲಿ ಕೊಂಡರೆ 60 ದಿನದೊಳಗೆ ದುಡ್ಡು ವಾಪಸ್ ಕೇಳಬಹುದು, ಕೊಳ್ಳುವವರಿಗೆ ಅದೊಂದು ಧೈರ್ಯ. ಮಾರುವವರಿಗೆ ಸಿಗುವುದು ದೊಡ್ಡ ಜನಸಂದಣಿ. ಅದಕ್ಕೆ ಬದಲಾಗಿ ಪಾಲು ಕೊಡಬೇಕು. ಬ್ರಿಕ್ಸ್ ಮಾಡಿದ ಥಾಮಸ್ ಉಲ್ಸ್‌ಪರ್ಗರ್ ಆ ಸಂತೆಗೆ ಹೋಗದೆ ತಮ್ಮದೇ ಸೈಟಿನಲ್ಲಿ ಅಂಗಡಿ ಇಟ್ಟರು. ಜಾಹೀರಾತಿನ ಜಾಗದಲ್ಲಿ ಒಂದು ಫೇಸ್‌ಬುಕ್ ಗುಂಪು, ಒಂದು ಫೋರಂ, ಜೊತೆಗೆ ಯಾರು ಬೇಕಾದರೂ ಸಲಹೆ ಬರೆದು ಓಟು ಹಾಕಬಹುದಾದ ಒಂದು ಪಟ್ಟಿ.

ಈ ಸಲ ನಾನು ಗಡಿಯಾರ ನೋಡಲಿಲ್ಲ. ಒಂದು ತಿಂಗಳು ಬ್ರಿಕ್ಸಿನ ಆ ಗುಂಪಿನಲ್ಲಿ ಬಾಯಿ ಮುಚ್ಚಿ ಕೂತೆ. ಹೊಗಳಿಕೆ ಓದಲಿಲ್ಲ, ಬೈಗುಳ ಓದಿದೆ. ಬೈದವರ ಪೋಸ್ಟು ಮರುದಿನವೂ ಅಲ್ಲೇ ಇತ್ತು. ಮುಂದಿನ ಆವೃತ್ತಿಯ ಬದಲಾವಣೆ ಪಟ್ಟಿ ಬಂದಾಗ ಅಲ್ಲಿ ಕೂಗಾಡಿದ್ದ ಕೆಲವು ತೊಂದರೆಗಳು "ಸರಿಪಡಿಸಿದ್ದು" ಎಂಬ ಸಾಲಿನಲ್ಲಿ ಕಂಡವು. ಇನ್ನು ಕೆಲವಕ್ಕೆ "ಸದ್ಯಕ್ಕಿಲ್ಲ" ಅನ್ನುವ ಉತ್ತರವೇ ಇತ್ತು. ಆ "ಸದ್ಯಕ್ಕಿಲ್ಲ" ನೋಡಿಯೇ ನಾನು ಕೊಂಡದ್ದು. ಕೇಳಿದ್ದಕ್ಕೆಲ್ಲ ಹೂಂ ಅನ್ನುವವರು ಮಾರಿ ಹೋಗುವವರು, ಅಲ್ವಾ? ಡಾಲರಿಗೆ ಆಗ 75 ರೂಪಾಯಿಯ ಆಸುಪಾಸು. ಅದರ ಮೇಲೆ ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕ, ಆ ಶುಲ್ಕಕ್ಕೆ ಜಿಎಸ್‌ಟಿ. ಇವೆಲ್ಲ ಸೇರಿದರೂ ನಾವು ಒಂದು ಸಾಧಾರಣ ಸೈಟಿಗೆ ಇಸಿದುಕೊಳ್ಳುವ ಮುಂಗಡದಷ್ಟೂ ಆಗಲಿಲ್ಲ.

ಬಳಕೆಯ ಮಾತು. ಬ್ರಿಕ್ಸ್ ಒಂದು ಥೀಮ್, ಅಂದರೆ ಇಡೀ ಸೈಟಿನ ರೂಪ ಹೊರುವಂಥದ್ದು; ಸೈಟಿಗೆ ಒಂದೊಂದು ಕೆಲಸ ಸೇರಿಸುವ ಪ್ಲಗಿನ್ ಅಲ್ಲ. ಪರದೆಯ ಮೇಲೆ ನೋಡುತ್ತ ನೋಡುತ್ತ ಪುಟ ಕಟ್ಟಬಹುದು. ಹಿಂದೆ ಅದು ಬರೆಯುವ ಕೋಡು ಹಗುರ. ನಮ್ಮ ಕಡೆ ಮಳೆಗಾಲದಲ್ಲಿ ನೆಟ್ ಹೇಗಿರುತ್ತದೆ ಎಂದು ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತು. ಹೋಂಸ್ಟೇಯ ಕೋಣೆಗಳನ್ನು ಒಂದೊಂದಾಗಿ ಜೋಡಿಸಬೇಕಿಲ್ಲ. ಕ್ವೆರಿ ಲೂಪ್ (ಸೈಟಿಗೆ ಸೇರಿಸಿದ್ದನ್ನು ತಾನೇ ಹುಡುಕಿ ಸಾಲಾಗಿ ತೋರಿಸುವ ಸೌಕರ್ಯ) ಹಾಕಿದರೆ ಮಾಲೀಕರು ಹೊಸ ಕೋಣೆ ಸೇರಿಸಿದಾಗ ಪುಟ ತಾನೇ ಬೆಳೆಯುತ್ತದೆ. ಮೊದಮೊದಲು ಟ್ಯಾಬ್ ಒಳಗೆ ಬೇಕಾದ್ದನ್ನು ಇಡುವಂತಿರಲಿಲ್ಲ. ಅದು 2022ರಲ್ಲಿ 1.5 ಆವೃತ್ತಿಯಲ್ಲಿ ಬಂತು. 2025ರಲ್ಲಿ 2.0 ಬಂತು. ಇವಕ್ಕೆಲ್ಲ ನಾನು ಮತ್ತೆ ಒಂದು ಪೈಸೆ ಕೊಟ್ಟಿಲ್ಲ.

ಕನ್ನಡದ ಸೈಟು ಮಾಡುವವರಿಗೆ ಒಂದು ಮಾತು, ಇದು ಬೇರೆ ಯಾವ ವಿಮರ್ಶೆಯಲ್ಲೂ ನನಗೆ ಸಿಗಲಿಲ್ಲ. ಇಂಗ್ಲಿಷಿಗೆಂದು ಮಾಡಿದ ಟೆಂಪ್ಲೇಟುಗಳಲ್ಲಿ ತಲೆಬರಹದ ಸಾಲುಗಳ ನಡುವಿನ ಅಂತರ ತುಂಬಾ ಕಡಿಮೆ, ಅಕ್ಷರದ ಗಾತ್ರದ 1.1 ಅಥವಾ 1.2 ಪಟ್ಟು. ಅದೇ ಜಾಗಕ್ಕೆ "ರಾಷ್ಟ್ರೀಯ ಹೆದ್ದಾರಿ" ಅಂತ ಹಾಕಿ ನೋಡಿ, ಒತ್ತಕ್ಷರದ ಬಾಲ ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. ಬ್ರಿಕ್ಸಿನ ಥೀಮ್ ಸ್ಟೈಲ್ಸಿನಲ್ಲಿ ಒಂದು ಸಲ 1.5 ಅಥವಾ 1.6 ಅಂತ ಇಟ್ಟರೆ ಇಡೀ ಸೈಟಿಗೆ ಸರಿಹೋಗುತ್ತದೆ. ಅಕ್ಷರಗಳ ನಡುವೆ ಜಾಗ ಬಿಡುವ ಆಟವನ್ನಂತೂ ಕನ್ನಡದಲ್ಲಿ ಆಡಲೇಬೇಡಿ. ಫಾಂಟ್ ಫೈಲನ್ನು ನಮ್ಮ ಸೈಟಿಗೇ ಏರಿಸಿಕೊಳ್ಳುವ ಸೌಕರ್ಯ ಇದೆ. ನಾನು ತಲೆಬರಹಕ್ಕೆ ಬಾಲೂ ತಮ್ಮ, ಒಳಗಿನ ಬರಹಕ್ಕೆ ನೋಟೋ ಸಾನ್ಸ್ ಕನ್ನಡ ಹಾಕುತ್ತೇನೆ. ಯಕ್ಷಗಾನ ಮೇಳದ ಭಾಗವತರು ಸೈಟು ನೋಡಿ ಅಂದದ್ದು ಒಂದೇ ಮಾತು: "ಅಕ್ಷರ ಕಾಣ್ತದೆ ಮಾರಾಯಾ."

ಲೈಫ್‌ಟೈಮಿನ ನಿಜವಾದ ಪರೀಕ್ಷೆ ಬಂದದ್ದು 2024ರ ಫೆಬ್ರವರಿಯಲ್ಲಿ. ಬ್ರಿಕ್ಸಿನ 1.9.6 ಮತ್ತು ಅದಕ್ಕಿಂತ ಹಳೆಯ ಆವೃತ್ತಿಗಳಲ್ಲಿ ದೊಡ್ಡ ಭದ್ರತಾ ದೋಷ ಪತ್ತೆಯಾಯಿತು. ಲಾಗಿನ್ ಇಲ್ಲದೆಯೇ ಹೊರಗಿನವರು ಸೈಟಿನಲ್ಲಿ ತಮ್ಮ ಕೋಡ್ ಓಡಿಸಬಹುದಾದ ದೋಷ. ತೀವ್ರತೆಯ ಅಂಕ 10ಕ್ಕೆ 9.8. ಫೆಬ್ರವರಿ 13ರಂದು 1.9.6.1 ಬಂತು, ಕೂಡಲೇ ಹಾಕಿಕೊಳ್ಳಿ ಎಂಬ ಸೂಚನೆಯೂ ಬಂತು. ನಾನು ಆ ಸುದ್ದಿ ಮೊದಲು ಓದಿದ್ದು ಗುಂಪಿನಲ್ಲೇ. ಕೂತಲ್ಲೇ ಎಲ್ಲ ಸೈಟುಗಳನ್ನೂ ಅಪ್‌ಡೇಟ್ ಮಾಡಿದೆ, ಊಟಕ್ಕೆ ಎದ್ದಾಗ ಗಂಟೆ ಹತ್ತೂವರೆ. ಆವತ್ತು ನನ್ನ ಲೈಸೆನ್ಸು ರಿನ್ಯೂ ಆಗದೆ ಬಿದ್ದಿದ್ದರೆ ಅಂತ ಯೋಚಿಸಿ ಸ್ವಲ್ಪ ಬೆವರಿದ್ದು ನಿಜ. ಕಳ್ಳ ಪ್ರತಿ ಹಾಕಿಕೊಂಡು ಓಡಿಸುವ ಗೆಳೆಯರಿಗೆ ಈ ಸುದ್ದಿ ಎಷ್ಟು ದಿನಕ್ಕೆ ಮುಟ್ಟಿತೋ.

ಈಗ ಬೆಲೆಯ ವಿಷಯ. ಬರಬರುತ್ತ ಬ್ರಿಕ್ಸ್ ಬೆಲೆ ಏರಿತು. ಆಮೇಲೆ ವರ್ಷ ವರ್ಷ ಕಟ್ಟುವ ಪ್ಲಾನುಗಳು ಬಂದವು. ಲೈಫ್‌ಟೈಮ್ 599 ಡಾಲರಿಗೆ ಹೋಯಿತು. ಗುಂಪಿನಲ್ಲಿ ಕೆಲವರಿಗೆ ಬೇಜಾರು. ನನಗೆ ಒಳಗೊಳಗೇ ಖುಷಿ. ಯಾಕೆ ಅಂತ ಹೇಳಲು ನನ್ನದೇ ಒಂದು ಅಂಗಡಿಯ ಕತೆ ಹೇಳಬೇಕು.

2023ರಲ್ಲಿ ನಾವು ಹೋಂಸ್ಟೇಯವರಿಗೆ ಒಂದು ಬುಕಿಂಗ್ ಕ್ಯಾಲೆಂಡರ್ ಮಾಡಿದೆವು. ಏರ್‌ಬಿಎನ್‌ಬಿಯ ಬುಕಿಂಗು, ಫೋನಿನ ಬುಕಿಂಗು ಒಂದೇ ಕಡೆ ಕಾಣುವ ಹಾಗೆ. ಮಾರಲು ಏನು ಮಾಡುವುದು? ಬ್ರಿಕ್ಸ್ ನೋಡಿ ಕಲಿತಿದ್ದೆನಲ್ಲ, ನಾನೂ ಒಂದು ವಾಟ್ಸಾಪ್ ಗುಂಪು ಕಟ್ಟಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹೋಂಸ್ಟೇಯವರು. ಮೊದಲ ಮೂರು ತಿಂಗಳು ಏನನ್ನೂ ಮಾರಲಿಲ್ಲ. ಗೂಗಲ್ ಮ್ಯಾಪಿನಲ್ಲಿ ಹೆಸರು ಸರಿ ಮಾಡುವುದು ಹೇಗೆ, ಫೋಟೋ ಹೇಗೆ ತೆಗೆಯಬೇಕು, ಇಂಥದ್ದೇ ಮಾತು. ಆಮೇಲೆ 2,999 ರೂಪಾಯಿಗೆ ಲೈಫ್‌ಟೈಮ್ ಅಂದೆ. 43 ಜನ ಕೊಂಡರು. 1,28,957 ರೂಪಾಯಿ. ರೇಜರ್‌ಪೇ ಶುಲ್ಕ 2%, ಅದಕ್ಕೆ ಜಿಎಸ್‌ಟಿ, ಸುಮಾರು 3,000 ಹೋಯಿತು. ಮಧ್ಯವರ್ತಿ ಇಲ್ಲ, ಪಾಲು ಇಲ್ಲ. ಆ ತಿಂಗಳು ನಾವಿಬ್ಬರೂ ರಾಜರು.

ಮುಂದಿನ ತಿಂಗಳಿಂದ ಗೊತ್ತಾಯಿತು. ಏರ್‌ಬಿಎನ್‌ಬಿ ಕ್ಯಾಲೆಂಡರನ್ನು ಐಕ್ಯಾಲ್ ಎಂಬ ಕ್ಯಾಲೆಂಡರ್ ಹಂಚುವ ಕೊಂಡಿಯ ಮೂಲಕ ಜೋಡಿಸಿದರೆ ಅದು ಆ ಕ್ಷಣಕ್ಕೇ ಬದಲಾಗುವುದಿಲ್ಲ, ಕೆಲವು ಗಂಟೆಗೊಮ್ಮೆ ಬಂದು ನೋಡಿಕೊಂಡು ಹೋಗುತ್ತದೆ. ನಡುವೆ ಯಾರಾದರೂ ಫೋನಿನಲ್ಲಿ ಅದೇ ಕೋಣೆ ಹಿಡಿದರೆ ಒಂದೇ ಕೋಣೆಗೆ ಎರಡು ಸಂಸಾರ. ಭಾನುವಾರ ಬೆಳಗ್ಗೆ ಆರಕ್ಕೆ ಸಿದ್ದಾಪುರದ ಅಕ್ಕನ ಫೋನು: "ತಮ್ಮಾ, ಬೆಂಗಳೂರಿನವರು ಬಂದು ಜಗಲಿ ಮೇಲೆ ಕೂತಿದ್ದಾರೆ, ಒಳಗೆ ಹುಬ್ಬಳ್ಳಿಯವರು ಮಲಗಿದ್ದಾರೆ. ನಾನೀಗ ಏನು ಮಾಡ್ಲಿ?" ಅದಕ್ಕೆ ನನ್ನಲ್ಲಿ ಕೋಡಿನ ಉತ್ತರ ಇರಲಿಲ್ಲ. ಬೆಂಗಳೂರಿನವರನ್ನು ನಮ್ಮ ಮಾವನ ಮನೆಗೆ ಕಳಿಸಿ ಆಗಿನ ಮಟ್ಟಿಗೆ ಸುಧಾರಿಸಿದೆ.

ಸರ್ವರಿಗೆ ತಿಂಗಳಿಗೆ 1,400 ರೂಪಾಯಿ. ಹುಡುಗನ ಸಂಬಳ ಬೇರೆ. ಮೊದಲ ವರ್ಷ ಮುಗಿಯುವುದರೊಳಗೆ ಆ ದುಡ್ಡು ಕರಗಿತ್ತು. ಉಳಿದದ್ದು 43 ಜನ ಮತ್ತು ಅವರ ಲೈಫ್‌ಟೈಮು. ಆಗ ನನ್ನ ಮುಂದೆ ಇದ್ದದ್ದು ಎರಡೇ ದಾರಿ. ಇನ್ನೂ 43 ಜನರಿಗೆ ಲೈಫ್‌ಟೈಮ್ ಮಾರಿ ಮೊದಲಿನವರ ಸರ್ವರ್ ಬಿಲ್ಲು ಕಟ್ಟುವುದು, ಅವರ ಬಿಲ್ಲಿಗೆ ಮತ್ತೆ 43 ಜನ. ಇದು ಚೀಟಿ ಹಣವನ್ನು ಎತ್ತಿ ಹಳೆ ಸಾಲ ತೀರಿಸಿದಂತೆ. ಅಥವಾ ಹೊಸಬರಿಗೆ ವರ್ಷದ ಲೆಕ್ಕ ಶುರು ಮಾಡುವುದು.

ಹಾಗಾಗಿ ಬ್ರಿಕ್ಸಿನಲ್ಲಿ ವರ್ಷದ ಪ್ಲಾನ್ ಬಂದಾಗ ನನಗೆ ಸಮಾಧಾನ. ಹೊಸಬರು ವರ್ಷ ವರ್ಷ ಕೊಡುವ ದುಡ್ಡಿನಲ್ಲೇ ನನ್ನ ಹಳೇ ಲೈಸೆನ್ಸಿನ ಅಪ್‌ಡೇಟೂ ಬರುತ್ತದೆ. ಯಾರಾದರೂ ಐದು ವರ್ಷದಿಂದ ಅದೇ ಬೆಲೆಗೆ ಲೈಫ್‌ಟೈಮ್ ಮಾತ್ರ ಮಾರುತ್ತಿದ್ದಾರೆ ಎಂದರೆ ನಾನೀಗ ಹತ್ತಿರ ಹೋಗುವುದಿಲ್ಲ. ಬ್ರಿಕ್ಸ್ ನಮ್ಮ ಹೋಸ್ಟಿಂಗಿನ ಮೇಲೆಯೇ ಓಡುತ್ತದೆ, ಇದೂ ಒಂದು ಲಾಭ. ನಾಳೆ ಕಂಪನಿ ಇಲ್ಲವಾದರೂ ಇವತ್ತಿನ ಸೈಟು ಇವತ್ತಿನ ಹಾಗೆ ನಿಂತಿರುತ್ತದೆ. ಮಾರುವವರ ಸರ್ವರಿನಲ್ಲಿ ಓಡುವ ಸಾಫ್ಟ್‌ವೇರಿಗೆ ಈ ಮಾತು ಹೇಳಲಾಗದು. 2025ರಲ್ಲಿ ನೆಟ್ ಬಳಕೆಯನ್ನು ಗುಟ್ಟಾಗಿಡುವ ವಿಪಿಎನ್‌ಸೆಕ್ಯೂರ್ ಎಂಬ ಸೇವೆಯ ಹೊಸ ಮಾಲೀಕರು, ಹಳೆಯ ಲೈಫ್‌ಟೈಮ್ ಖಾತೆಗಳ ವಿಷಯ ತಮಗೆ ಕೊಳ್ಳುವಾಗ ತಿಳಿದಿರಲಿಲ್ಲ ಎಂದು ಹೇಳಿ ಅವನ್ನು ಮುಚ್ಚಿಬಿಟ್ಟರು. ನೆಟ್‌ನಲ್ಲಿ ಫೈಲು ಇಡಲು ಜಾಗ ಕೊಡುವ ಪಿಕ್ಲೌಡ್ ಎಂಬ ಸ್ವಿಸ್ ಕಂಪನಿ ಇದನ್ನು ಮೊದಲೇ ಬರೆದಿಟ್ಟಿದೆ: ಲೈಫ್‌ಟೈಮ್ ಎಂದರೆ 99 ವರ್ಷ ಅಥವಾ ಖಾತೆದಾರರ ಆಯಸ್ಸು, ಯಾವುದು ಕಡಿಮೆಯೋ ಅದು. ಓದಿ ನಗು ಬಂತು. ಆದರೂ ಬರೆಯದೆ ಬಿಟ್ಟವರಿಗಿಂತ ಇವರು ವಾಸಿ.

ಈಗ ಕೊಳ್ಳಬೇಕಾ? ನಾನು ಕಡೆಯ ಸಲ ನೋಡಿದಾಗ ಒಂದು ಸೈಟಿನ ಪ್ಲಾನಿಗೆ ವರ್ಷಕ್ಕೆ 79 ಡಾಲರ್, ಎಷ್ಟು ಸೈಟಿಗಾದರೂ ಹಾಕುವ ಏಜೆನ್ಸಿ ಪ್ಲಾನಿಗೆ 249. ತಮ್ಮ ಒಂದೇ ಅಂಗಡಿಯ ಸೈಟು ಮಾಡಿಕೊಳ್ಳುವವರಿಗೆ ಲೈಫ್‌ಟೈಮಿನ 599 ದಂಡ, ಅಷ್ಟು ದುಡ್ಡು ಹುಟ್ಟಲು ಏಳು ವರ್ಷ ದಾಟಬೇಕು. ನಮ್ಮಂತೆ ಇದೇ ಕಸುಬಾದರೆ ಎರಡೂವರೆ ವರ್ಷಕ್ಕೆ ಸರಿಹೋಗುತ್ತದೆ. ಎರಡನೆಯವರಿಗೂ ನಾನು ಹೇಳುವುದು, ಮೊದಲು ಒಂದು ವರ್ಷದ್ದು ತೆಗೆದುಕೊಳ್ಳಿ. ಗುಂಪಿನಲ್ಲಿ ಕೂತು ಬೈಗುಳ ಓದಿ. ಇನ್ನೊಂದು ಖರ್ಚು ಮರೆಯಬೇಡಿ: ಬ್ರಿಕ್ಸಿನ ಸುತ್ತ ಬೇರೆಯವರು ಮಾಡಿದ ಆಟೋಮ್ಯಾಟಿಕ್ ಸಿಎಸ್ಎಸ್, ಬ್ರಿಕ್ಸ್‌ಫೋರ್ಜ್‌ನಂಥ ಉಪಕರಣಗಳಿವೆ. ಗುಂಪಿನಲ್ಲಿ ದಿನಾ ಅವುಗಳ ಹೆಸರು ಕೇಳಿ ಕೇಳಿ ನಮಗೂ ಬೇಕು ಅನ್ನಿಸುತ್ತದೆ. ನನಗೆ ಬೇಕಾದದ್ದು ಒಂದೇ ಒಂದು. ಕೊಂಡದ್ದು ಮೂರು.

ನಮ್ಮ ಕ್ಯಾಲೆಂಡರಿಗೆ ಈ ವರ್ಷದಿಂದ 44ನೆಯವರು ವರ್ಷದ ಲೆಕ್ಕದಲ್ಲಿ ಬಂದಿದ್ದಾರೆ. ಗುಂಪಿನಲ್ಲಿ ವಿಷಯ ಹಾಕಿದ ಹತ್ತು ನಿಮಿಷಕ್ಕೆ ಸಿದ್ದಾಪುರದ ಅಕ್ಕ ಫೋನ್ ಮಾಡಿದರು.

"ಹಾಗಾದ್ರೆ ನಾವೂ ಕೊಡ್ಬೇಕಾ ತಮ್ಮಾ?"

"ಇಲ್ಲ ಅಕ್ಕಾ, ನಿಮ್ಮದು ಹಾಗೇ ಇರ್ತದೆ."

"ಹಾಗಾದ್ರೆ ಸರಿ. ಕನ್ನಡದಲ್ಲಿ ರಸೀದಿ ಬರೋ ಹಾಗೆ ಯಾವಾಗ ಮಾಡ್ತೆ?"