ಓಷನ್ ಪಾರ್ಕ್‌ನ ಬೆಟ್ಟ ದಾಟಲು ಕೇಬಲ್ ಕಾರೋ, ಸುರಂಗದ ರೈಲೋ?

ಪ್ರಾಣಿಗಳೂ ಸವಾರಿಗಳೂ ಇರುವ ಹಾಂಗ್‌ಕಾಂಗ್‌ನ ಥೀಮ್ ಪಾರ್ಕ್ ಓಷನ್ ಪಾರ್ಕ್‌ಗೆ ಹೆಸರು ಒಂದೇ, ಜಾಗ ಎರಡು. ಪ್ರವೇಶದ್ವಾರ, ಗ್ರ್ಯಾಂಡ್ ಅಕ್ವೇರಿಯಂ, ಪಾಂಡಾಗಳು ಕೆಳಗಿನ ವಾಟರ್‌ಫ್ರಂಟ್‌ನಲ್ಲಿವೆ. ಪೆಂಗ್ವಿನ್, ಶಾರ್ಕ್, ಸಮುದ್ರ ಸಿಂಹ, ಹೇರ್ ರೈಸರ್ ರೋಲರ್ ಕೋಸ್ಟರ್ ಇರುವುದು ಬೆಟ್ಟದಾಚೆಯ ಸಮಿಟ್‌ನಲ್ಲಿ. ನಡುವಿನ ದಾರಿಗೆ 1977ರಲ್ಲಿ ಪಾರ್ಕ್ ತೆರೆದಾಗಿನಿಂದ ಕೇಬಲ್ ಕಾರ್ ಇದೆ. ಬೆಟ್ಟದೊಳಗಿನ ಸುರಂಗದಲ್ಲಿ ಓಡುವ ಓಷನ್ ಎಕ್ಸ್‌ಪ್ರೆಸ್ ರೈಲು ಬಂದದ್ದು 2009ರಲ್ಲಿ. ಪ್ರವೇಶ ಟಿಕೆಟ್ ಇದ್ದರೆ ಸಾಕು, ಎರಡಕ್ಕೂ ಬೇರೆ ದುಡ್ಡು ಕೊಡಬೇಕಿಲ್ಲ. ಆದರೆ ತಪ್ಪು ಹೊತ್ತಿಗೆ ತಪ್ಪು ಸಾಲಿನಲ್ಲಿ ನಿಂತರೆ ದಿನದ ಒಳ್ಳೆಯ ಗಂಟೆ ಅಲ್ಲೇ ಕರಗಿಹೋಗುತ್ತದೆ. ಬೆಳಿಗ್ಗೆ, ಸಂಜೆ, ಬಿಸಿಲು, ಗಾಳಿ ಎಲ್ಲದರಲ್ಲೂ ಎರಡನ್ನೂ ಹತ್ತಿ ನೋಡಿದ ಮೇಲೆ ನಮ್ಮ ಮಾತು ಇಷ್ಟು: ಹೋಗುವಾಗ ರೈಲು, ಬರುವಾಗ ಕೇಬಲ್ ಕಾರ್.

ಮೊದಲು ಸಾಲಿನ ಲೆಕ್ಕ. ಕೇಬಲ್ ಕಾರ್‌ನ ಒಂದೊಂದು ಗೂಡಿನಲ್ಲಿ ಆರು ಜನ ಕೂರಬಹುದು. ನಾಲ್ಕು ಜನರ ಕುಟುಂಬ ಹತ್ತಿದರೆ ಸಾಮಾನ್ಯವಾಗಿ ಉಳಿದೆರಡು ಸೀಟು ಖಾಲಿಯೇ ಹೋಗುತ್ತವೆ. ರಜಾದಿನ ಬರುವವರೆಲ್ಲ ಕುಟುಂಬದವರೇ ಆದ್ದರಿಂದ, ಗೂಡುಗಳು ಒಂದರ ಹಿಂದೊಂದು ಬರುತ್ತಿದ್ದರೂ ಸಾಲು ತೆವಳುತ್ತದೆ. ರೈಲು ಹಾಗಲ್ಲ. ಬಂದಾಗೊಮ್ಮೆ ದೊಡ್ಡ ಗುಂಪನ್ನೇ ತುಂಬಿಸಿಕೊಂಡು ಹೋಗುತ್ತದೆ. ಅದರ ಸಾಲು ಕಣ್ಣಿಗೆ ಉದ್ದ ಕಂಡರೂ ಬೇಗ ಕರಗುತ್ತದೆ. ಪಯಣದಲ್ಲೂ ಅಂತರವಿದೆ: ಸುಮಾರು 1.3 ಕಿ.ಮೀ. ಸುರಂಗಕ್ಕೆ ಮೂರ್ನಾಲ್ಕು ನಿಮಿಷ, ಸುಮಾರು 1.5 ಕಿ.ಮೀ. ಕೇಬಲ್ ದಾರಿಗೆ ಎಂಟರಿಂದ ಹತ್ತು ನಿಮಿಷ. ಬಾಗಿಲು ತೆರೆದ ಮೊದಲ ಗಂಟೆಯಲ್ಲಿ ಬಂದವರಲ್ಲಿ ಬಹಳಷ್ಟು ಜನ ಕೇಬಲ್ ಕಾರ್ ಕಡೆಗೇ ನುಗ್ಗುತ್ತಾರೆ. ಆಗ ರೈಲು ಹಿಡಿದವರಿಗೆ ಹೇರ್ ರೈಸರ್‌ನಂಥ ಸವಾರಿಗಳ ಸಾಲು ಚಿಕ್ಕದಾಗಿ ಸಿಗುತ್ತದೆ. ಬೆಳಗಿನ ನಿಜವಾದ ಲಾಭ ಇದು.

ರೈಲಿನಲ್ಲಿ ನೋಟವನ್ನು ನಿರೀಕ್ಷಿಸಬೇಡಿ. ಜಲಾಂತರ್ಗಾಮಿಯ ಅಲಂಕಾರ, ದುಂಡು ಕಿಟಕಿ, ಚಾವಣಿಯ ಪರದೆಗಳಲ್ಲಿ ಸಮುದ್ರದಡಿಯ ಚಿತ್ರ, ಸದ್ದು: ಪುಟ್ಟ ಮಕ್ಕಳಿಗೆ ತುಂಬಾ ಹಿಡಿಸುತ್ತದೆ, ದೊಡ್ಡವರಿಗೆ ಒಂದು ಸಲ ಸಾಕು. ಇಳಿಜಾರಿನಲ್ಲಿ ಹಗ್ಗ ಎಳೆಯುವ ರೈಲಾದ್ದರಿಂದ ಹೊರಡುವಾಗ, ನಿಲ್ಲುವಾಗ ಸಣ್ಣ ಜಗ್ಗು ಇರುತ್ತದೆ. ನಿಂತವರು ಕಂಬ ಹಿಡಿದುಕೊಳ್ಳಿ, ಮಕ್ಕಳನ್ನು ಗೋಡೆ ಬದಿಗೆ ನಿಲ್ಲಿಸಿ. ಗಾಲಿಕುರ್ಚಿ ಇದ್ದರೆ, ಮಗು ತಳ್ಳುಗಾಡಿಯಲ್ಲೇ ನಿದ್ದೆ ಹೋಗಿದ್ದರೆ ರೈಲೇ ಸರಿ. ಕೇಬಲ್ ಕಾರ್‌ಗೆ ತಳ್ಳುಗಾಡಿ ಮಡಚಬೇಕು, ಮಗುವನ್ನು ಎತ್ತಿಕೊಳ್ಳಬೇಕು.

ನೋಟದ ವಿಷಯದಲ್ಲಿ ಮಾತ್ರ ಕೇಬಲ್ ಕಾರ್‌ಗೆ ಸಾಟಿಯಿಲ್ಲ. ಬೆಟ್ಟದ ಪೂರ್ವದ ಇಳುಕಲಿನ ಮೇಲೆ ತೇಲುತ್ತಾ ಹೋಗುವಾಗ ಡೀಪ್ ವಾಟರ್ ಬೇ ಕಾಲ್ಕೆಳಗೇ ಹರಡಿಕೊಳ್ಳುತ್ತದೆ, ಅದರಾಚೆ ರಿಪಲ್ಸ್ ಬೇ. ಇದನ್ನು ಮಧ್ಯಾಹ್ನದ ನಂತರ ನೋಡಿ ಎನ್ನುವುದಕ್ಕೆ ಕಾರಣವಿದೆ. ಸಮುದ್ರ ಪೂರ್ವಕ್ಕಿರುವುದರಿಂದ ಬೆಳಿಗ್ಗೆ ಸೂರ್ಯ ಎದುರಿಗೇ ಬಂದು ನೀರು ಕಣ್ಣು ಕುಕ್ಕುತ್ತದೆ, ಫೋಟೊ ಮಂಕಾಗುತ್ತದೆ. ಮಧ್ಯಾಹ್ನ ಮೂರರ ಮೇಲೆ ಬಿಸಿಲು ಬೆಟ್ಟದ ಕಡೆಯಿಂದ ಬಿದ್ದು ಕೊಲ್ಲಿಯ ಹಸಿರು-ನೀಲಿ ಸ್ಪಷ್ಟವಾಗಿ ಕಾಣುತ್ತದೆ. ಹೋಗುವಾಗ ಸಮುದ್ರ ಎಡಕ್ಕೆ, ಬರುವಾಗ ಬಲಕ್ಕೆ. ಆ ಬದಿಯ ಸೀಟನ್ನೇ ಹಿಡಿಯಿರಿ. ಗಾಜಿಗೆ ಫೋನ್ ಒತ್ತಿ ಹಿಡಿದರೆ ಒಳಗಿನ ಪ್ರತಿಬಿಂಬ ಬರುವುದಿಲ್ಲ.

ತೊಂದರೆಗಳೂ ಇವೆ. ಗೂಡಿನೊಳಗೆ ಎಸಿ ಇಲ್ಲ, ಜುಲೈ-ಆಗಸ್ಟ್‌ನ ಸೆಖೆಗೆ ನೀರಿನ ಬಾಟಲಿ ಕೈಯಲ್ಲೇ ಇರಲಿ. ಕಂಬ ದಾಟುವಾಗ ಗೂಡು ಕುಲುಕಿ ತುಸು ಓಲಾಡುತ್ತದೆ. ಅದು ಅಪಾಯವಲ್ಲ, ಹಗ್ಗ ಕಂಬದ ಗಾಲಿಗಳ ಮೇಲೆ ಹಾಯುವಾಗಿನ ಅಲುಗಾಟವಷ್ಟೆ. ಆದರೂ ಎತ್ತರ ಕಂಡರೆ ಕೈಕಾಲು ನಡುಗುವವರನ್ನು ದಯವಿಟ್ಟು ಬಲವಂತ ಮಾಡಬೇಡಿ, ನಡುದಾರಿಯಲ್ಲಿ ಇಳಿಯುವಂತಿಲ್ಲ.

ದೊಡ್ಡ ತೊಡಕು ಗಾಳಿಯದು. ಗಾಳಿ ಜೋರಾದರೆ, ಗುಡುಗು ಬಂದರೆ ಕೇಬಲ್ ಕಾರ್ ನಿಲ್ಲಿಸುತ್ತಾರೆ. ಆಗ ಬೆಟ್ಟದ ಮೇಲಿದ್ದವರೆಲ್ಲ ರೈಲಿನ ಸಾಲಿಗೇ ಬಂದು ಸೇರುತ್ತಾರೆ. ಹಾಗಾಗಿ ಮಧ್ಯಾಹ್ನ ಮಳೆ-ಗಾಳಿಯ ಮುನ್ಸೂಚನೆ ಇದ್ದರೆ ಮೇಲಿನ ಸಲಹೆಯನ್ನು ತಿರುವುಮುರುವು ಮಾಡಿ: ಬಾಗಿಲು ತೆರೆದ ಕೂಡಲೇ ಕೇಬಲ್ ಕಾರ್‌ನಲ್ಲಿ ಹೋಗಿ, ರೈಲಿನಲ್ಲಿ ಬನ್ನಿ. ಹಿಂದಿನ ರಾತ್ರಿ ಹಾಂಗ್‌ಕಾಂಗ್ ಹವಾಮಾನ ವೀಕ್ಷಣಾಲಯದ ಮುನ್ಸೂಚನೆ ನೋಡಿಕೊಳ್ಳುವುದು ಇದಕ್ಕೇ. ಚಂಡಮಾರುತದ 8ನೇ ಸಂಕೇತ ಏರಿದರೆ ಪಾರ್ಕೇ ಮುಚ್ಚುತ್ತದೆ.

ಇಳಿಯುವ ಹೊತ್ತನ್ನೂ ಯೋಚಿಸಿ ಇಟ್ಟುಕೊಳ್ಳಿ. ಓಷನ್ ಥಿಯೇಟರ್‌ನಲ್ಲಿ ಪ್ರದರ್ಶನ ಮುಗಿದೊಡನೆ ನೂರಾರು ಜನ ಒಟ್ಟಿಗೇ ಹೊರಬರುತ್ತಾರೆ, ಎರಡೂ ಸಾಲು ಉಬ್ಬುತ್ತವೆ. ಅದಕ್ಕೆ ಮೊದಲೇ ಹೊರಡಿ, ಇಲ್ಲವೇ ಅರ್ಧ ಗಂಟೆ ಪೆಂಗ್ವಿನ್‌ಗಳ ಹತ್ತಿರ ಕಳೆಯಿರಿ. ಮುಚ್ಚುವ ಹೊತ್ತಿನವರೆಗೆ ಮೇಲೆಯೇ ಉಳಿದರೆ ಕೇಬಲ್ ಕಾರ್‌ನ ಆಸೆ ಬಿಟ್ಟು ರೈಲು ಹಿಡಿಯುವುದೇ ಲೇಸು. ನಾಲ್ಕು ಗಂಟೆಯೊಳಗೆ ಇಳಿದುಬಿಟ್ಟರೆ ಗ್ರ್ಯಾಂಡ್ ಅಕ್ವೇರಿಯಂ ಅನ್ನು ಸಾವಕಾಶವಾಗಿ ನೋಡಬಹುದು. ಅದು ಒಳಾಂಗಣ, ಬಿಸಿಲು ಮಳೆಯ ಗೊಡವೆಯಿಲ್ಲ. ಅಲ್ಲಿಂದ ಪ್ರವೇಶದ್ವಾರವೂ, 2016ರಲ್ಲಿ ತೆರೆದ ಓಷನ್ ಪಾರ್ಕ್ ಮೆಟ್ರೊ ನಿಲ್ದಾಣವೂ ಹತ್ತಿರ. ಅಲ್ಲಿ ಮೆಟ್ರೊ ಹತ್ತಿದರೆ ಮುಂದಿನ ನಿಲ್ದಾಣವೇ ನಗರದ ನಡುಭಾಗದ ಅಡ್ಮಿರಾಲ್ಟಿ.