ಪ್ರೊಟೆಜೆ: ಕಾರ್ಖಾನೆಯ ಸ್ಕಿಲ್ ಮ್ಯಾಟ್ರಿಕ್ಸ್‌ಗೆ ಇದು ಆಗಿಬರುತ್ತದೆಯೇ?

ಸ್ಕಿಲ್ ಮ್ಯಾಟ್ರಿಕ್ಸ್ ಅಂದರೆ ಯಾರಿಗೆ ಯಾವ ಕೆಲಸ ಎಷ್ಟು ಬರುತ್ತದೆ ಅನ್ನುವ ಪಟ್ಟಿ. ಪ್ರೊಟೆಜೆ ಅಂದರೆ ಒಂದು ಕ್ಷೇತ್ರದ ವಿಷಯಗಳನ್ನೂ ಅವುಗಳ ಸಂಬಂಧಗಳನ್ನೂ ಬರೆದಿಡುವ ಉಚಿತ ತಂತ್ರಾಂಶ. ಮೊದಲೇ ತೀರ್ಪು ಹೇಳಿಬಿಡುತ್ತೇನೆ. ‘ಯಾರಿಗೆ ಏನು ಬರುತ್ತದೆ’ ಅನ್ನುವುದಕ್ಕೆ ಗಟ್ಟಿಯಾದ ಅರ್ಥ ಕಟ್ಟಿಕೊಳ್ಳಲು ಪ್ರೊಟೆಜೆಗೆ ಐದಕ್ಕೆ ನಾಲ್ಕೂವರೆ. ಅದೇ ಮಾಹಿತಿಯನ್ನು ದಿನಾ ತುಂಬಿಸಿ, ತಿದ್ದಿ, ವರದಿ ತೆಗೆಯಲು ಐದಕ್ಕೆ ಎರಡು, ಅದೂ ಪುಕ್ಕಟೆ ಸಿಗುತ್ತದೆ ಅನ್ನುವ ಕಾರಣಕ್ಕೆ. ಎರಡನ್ನೂ ಬೇರೆ ಬೇರೆ ಇಟ್ಟುಕೊಂಡವರಿಗೆ ಇದು ಒಳ್ಳೆಯ ಸಾಧನ, ಕಲಸಿಕೊಂಡವರಿಗೆ ತಲೆನೋವು. ನಿಮ್ಮಲ್ಲಿ ಮೂವತ್ತು ಜನ, ಹತ್ತು ಮಷಿನ್ ಇದ್ದು ಎಕ್ಸೆಲ್ ಹಾಳೆಯಲ್ಲೇ ಎಲ್ಲ ನಡೆದುಹೋಗುತ್ತಿದ್ದರೆ ಮುಂದೆ ಓದಬೇಕಾದ್ದೂ ಇಲ್ಲ.

ನಾನು ಪೀಣ್ಯದಲ್ಲಿ ಟರ್ನಿಂಗ್, ಮಿಲ್ಲಿಂಗ್, ಗ್ರೈಂಡಿಂಗ್ ಮಾಡಿಕೊಡುವ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಮತ್ತು ತರಬೇತಿ ನೋಡಿಕೊಳ್ಳುತ್ತೇನೆ. ಈ ಕೆಲಸದಲ್ಲಿರುವವರಿಗೆಲ್ಲ ಗೊತ್ತಿರುವ ಸಂಗತಿಯೇ: ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 9001:2015ರ 7.2ನೇ ಕಲಮು ಕೆಲಸಗಾರರ ಸಾಮರ್ಥ್ಯಕ್ಕೆ ದಾಖಲೆ ಕೇಳುತ್ತದೆ, 7.1.6 ಸಂಸ್ಥೆಯ ಜ್ಞಾನವನ್ನು ಉಳಿಸಿಕೊಳ್ಳಿ ಅನ್ನುತ್ತದೆ. ಎರಡಕ್ಕೂ ಉತ್ತರವಾಗಿ ಗೋಡೆಯ ಮೇಲೆ ಒಂದು ಸ್ಕಿಲ್ ಮ್ಯಾಟ್ರಿಕ್ಸ್ ತೂಗುತ್ತಿರುತ್ತದೆ. ಎಡಕ್ಕೆ ಹೆಸರುಗಳು, ಮೇಲೆ ಮಷಿನ್‌ಗಳು, ನಡುವೆ ಕಾಲು, ಅರ್ಧ, ಮುಕ್ಕಾಲು, ಪೂರ್ತಿ ತುಂಬಿದ ವೃತ್ತಗಳು. ಕಾಲು ಅಂದರೆ ಕಲಿಯುತ್ತಿದ್ದಾನೆ, ಪೂರ್ತಿ ಅಂದರೆ ಇನ್ನೊಬ್ಬರಿಗೆ ಕಲಿಸಬಲ್ಲ. ನಡುವಿನ ಎರಡರ ಬಗ್ಗೆ ಮೂವರು ಸೂಪರ್‌ವೈಸರ್‌ಗಳನ್ನು ಕೇಳಿದರೆ ಮೂರು ಉತ್ತರ. ಟರ್ನಿಂಗ್ ಸೆಕ್ಷನ್ನಿನಲ್ಲಿ ಮುಕ್ಕಾಲು ವೃತ್ತ ಅಂದರೆ ಟೂಲ್ ಆಫ್‌ಸೆಟ್, ಅಂದರೆ ಟೂಲಿನ ಅಳತೆಯ ತಿದ್ದುಪಡಿ, ತಾನೇ ಕೊಡಬಲ್ಲ. ಗ್ರೈಂಡಿಂಗಿನಲ್ಲಿ ಅದೇ ವೃತ್ತ ಅಂದರೆ ರಾತ್ರಿ ಪಾಳಿಗೆ ಒಬ್ಬನನ್ನೇ ಬಿಡಬಹುದು. ಹಾಳೆಯ ಮೇಲೆ ಎರಡೂ ಒಂದೇ. ಆಡಿಟರ್‌ಗೂ ಅಷ್ಟೇ ಸಾಕು. ಬದಲಿ ಆಳು ಹುಡುಕುವ ದಿನ ಮಾತ್ರ ಸಾಲದು.

ಒಂದು ಕ್ಷೇತ್ರದಲ್ಲಿ ಏನೇನಿದೆ, ಯಾವುದಕ್ಕೆ ಯಾವುದರ ಜೊತೆ ಎಂಥ ಸಂಬಂಧ ಅನ್ನುವುದನ್ನು ಕಂಪ್ಯೂಟರ್ ತರ್ಕಿಸಬಲ್ಲ ಹಾಗೆ ಬರೆದಿಡುವುದಕ್ಕೆ ಆಂಟಾಲಜಿ ಅನ್ನುತ್ತಾರೆ. ಬರೆಯುವ ಭಾಷೆ ಔಲ್. ವೆಬ್ ಮಾನಕಗಳನ್ನು ರೂಪಿಸುವ ಸಂಸ್ಥೆ ಡಬ್ಲ್ಯು3ಸಿ ಇದನ್ನು 2004ರಲ್ಲಿ ಮಾನಕವಾಗಿಸಿತು, ಎರಡನೇ ರೂಪ 2009ರಲ್ಲಿ ಬಂತು. ಪ್ರೊಟೆಜೆ ಅದನ್ನು ಬರೆಯುವ ಎಡಿಟರ್. ಹುಟ್ಟಿದ್ದು 1980ರ ದಶಕದಲ್ಲಿ, ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಮ್ಯೂಸನ್ ಅವರ ವೈದ್ಯಕೀಯ ಸಂಶೋಧನೆಯಿಂದ. ಆದ್ದರಿಂದಲೇ ಅಂತರ್ಜಾಲದಲ್ಲಿ ಸಿಗುವ ಉದಾಹರಣೆಗಳೆಲ್ಲ ರೋಗ, ಔಷಧ, ಜೀನ್. ಅದು ಬಿಟ್ಟರೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರ ಪಿಟ್ಸಾ ಪಾಠ. ಆ ಪಾಠವನ್ನು ತಪ್ಪಿಸಬೇಡಿ. ಲೇತ್ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ, ಆದರೂ ಅಷ್ಟು ಚೆನ್ನಾಗಿ ಕಲಿಸುವ ಬೇರೆ ಪಾಠ ನಾನು ನೋಡಿಲ್ಲ.

ಇನ್‌ಸ್ಟಾಲ್ ಮಾಡುವುದು ಸುಲಭ. ಜಾವಾ ಮೇಲೆ ಓಡುತ್ತದೆ, ವಿಂಡೋಸ್‌ಗೂ ಲಿನಕ್ಸ್‌ಗೂ ಸಿಗುತ್ತದೆ, ಪರವಾನಗಿ ಬಿಎಸ್‌ಡಿ, ಅಂದರೆ ಮುಕ್ತವಾಗಿ ಬಳಸಬಹುದಾದದ್ದು. ಹರ್ಮಿಟ್ ಅನ್ನುವ ರೀಸನರ್, ಅಂದರೆ ಬರೆದದ್ದನ್ನು ತರ್ಕಕ್ಕೆ ಹಚ್ಚುವ ಯಂತ್ರ, ಜೊತೆಗೇ ಬರುತ್ತದೆ. ಮುಖಪರದೆ ಹಳೇ ಕಾಲದ್ದು, ಬಿಡಿ.

ಇನ್ನು ನಿಜವಾದ ಲಾಭದ ವಿಷಯ. ನಮ್ಮ ಹಳೇ ಹಾಳೆಯಲ್ಲಿ ಎರಡು ಬಗೆಯ ಜನ: ಟ್ರೈನಿ ಮತ್ತು ಸ್ವತಂತ್ರ ಆಪರೇಟರ್. ಹಾಳೆಯಲ್ಲಿದ್ದದ್ದನ್ನು ಇದ್ದ ಹಾಗೆ ಔಲ್‌ಗೆ ತಂದೆವು. ಇವೆರಡು ವರ್ಗಗಳು ಪರಸ್ಪರ ಸೇರುವುದಿಲ್ಲ ಅಂತಲೂ ಬರೆದೆವು. ಹರ್ಮಿಟ್ ಓಡಿಸಿದ ಕೂಡಲೇ ಇಡೀ ಆಂಟಾಲಜಿಯೇ ಅಸಂಗತ ಎಂದು ಎಚ್ಚರಿಕೆ ಬಂತು. ಕಾರಣ ಕೇಳಿದರೆ ಪ್ರೊಟೆಜೆ ಸಾಲುಗಳನ್ನು ಒಂದರ ಕೆಳಗೊಂದು ಜೋಡಿಸಿ ತೋರಿಸುತ್ತದೆ: ಈ ವ್ಯಕ್ತಿ ಎರಡು ಆಕ್ಸಿಸ್ ಲೇತ್‌ನಲ್ಲಿ ಸ್ವತಂತ್ರ, ಇವನೇ ವಿಎಂಸಿ ಅನ್ನುವ ಮಿಲ್ಲಿಂಗ್ ಮಷಿನ್‌ನಲ್ಲಿ ಟ್ರೈನಿ, ಒಬ್ಬನೇ ಎರಡೂ ಆಗುವಂತಿಲ್ಲ. ಯಂತ್ರ ಹೇಳಿದ್ದು ಸರಿಯಾಗಿತ್ತು. ಟ್ರೈನಿ ಅನ್ನುವುದು ಮನುಷ್ಯನ ಗುಣವೇ ಅಲ್ಲ. ಒಬ್ಬ ಮನುಷ್ಯ ಮತ್ತು ಒಂದು ಕೆಲಸದ ನಡುವೆ ಇರುವ ಸ್ಥಿತಿ ಅದು. ಹಾಗಾಗಿ ಸಾಮರ್ಥ್ಯವನ್ನೇ ಒಂದು ಪ್ರತ್ಯೇಕ ವಸ್ತುವಾಗಿ ನಿಲ್ಲಿಸಬೇಕು. ಯಾರದು, ಯಾವ ಕೆಲಸದ್ದು, ಯಾವ ಮಟ್ಟ, ಏನು ಪುರಾವೆ, ಯಾರು ಪರೀಕ್ಷಿಸಿದರು, ಎಲ್ಲಿಯವರೆಗೆ ಮಾನ್ಯ, ಎಲ್ಲವೂ ಅದಕ್ಕೇ ಅಂಟಬೇಕು. ಎರಡಕ್ಕಿಂತ ಹೆಚ್ಚು ತುದಿಗಳಿರುವ ಸಂಬಂಧಗಳನ್ನು ಹೀಗೆ ಬರೆಯುವ ಬಗೆಯನ್ನು ಡಬ್ಲ್ಯು3ಸಿ 2006ರ ಟಿಪ್ಪಣಿಯೊಂದರಲ್ಲೇ ವಿವರಿಸಿದೆ. ಸಾಮರ್ಥ್ಯದ ಆಂಟಾಲಜಿ ಕಟ್ಟುವವರು ಪಿಟ್ಸಾ ಮುಗಿದ ಮೇಲೆ ಓದಬೇಕಾದ್ದು ಅದನ್ನೇ.

ಇಷ್ಟು ಬಿಡಿಸಿಟ್ಟ ಮೇಲೆ ಬೇರೆ ಗಂಟುಗಳೂ ಸಡಿಲವಾದವು. ಗೋಡೆಯ ಹಾಳೆಯಲ್ಲಿ ಒಂದೊಂದು ಮಷಿನ್‌ಗೂ ಒಂದೊಂದು ಕಾಲಂ. ಆದರೆ ಆಪರೇಟರ್ ಕಲಿತಿರುವುದರಲ್ಲಿ ದೊಡ್ಡ ಪಾಲು ಮಷಿನ್ನಿನದಲ್ಲ, ಅದನ್ನು ನಡೆಸುವ ಕಂಪ್ಯೂಟರ್, ಅಂದರೆ ಕಂಟ್ರೋಲರ್‌ನದು. ಫಾನುಕ್ ಕಂಟ್ರೋಲ್ ಮೇಲೆ ಕೈ ಕೂತವನು ಬೇರೆ ಕಂಪನಿಯ ಲೇತ್‌ನಲ್ಲೂ ಫಾನುಕ್ ಇದ್ದರೆ ಬೇಗ ಹೊಂದಿಕೊಳ್ಳುತ್ತಾನೆ. ಸೀಮೆನ್ಸ್ ಕಂಟ್ರೋಲ್ ಮುಂದೆ ನಿಲ್ಲಿಸಿದರೆ ಮೆನುಗಳನ್ನು ಮತ್ತೆ ಕಲಿಯಬೇಕು. ಮಷಿನ್‌ಗೆ ಕಂಟ್ರೋಲರ್ ಇದೆ, ಸಾಮರ್ಥ್ಯಕ್ಕೆ ಕಂಟ್ರೋಲರ್ ಬೇಕು ಅಂತ ಎರಡು ಸಂಬಂಧ ಬರೆದರೆ ರಜೆ ಹಾಕಿದವನ ಜಾಗಕ್ಕೆ ಯಾರನ್ನು ಹಾಕಬಹುದು ಅನ್ನುವುದನ್ನು ರೀಸನರ್ರೇ ಹುಡುಕಿಕೊಡುತ್ತದೆ. ಸೆಟ್ಟರ್ (ಮಷಿನ್ ಸಜ್ಜುಗೊಳಿಸುವವನು) ಅಂದರೆ ಆಫ್‌ಸೆಟ್ ಕೊಡುವ ಸಾಮರ್ಥ್ಯ ಮತ್ತು ಫಸ್ಟ್ ಪೀಸ್, ಅಂದರೆ ಮೊದಲು ತಯಾರಾದ ಬಿಡಿಭಾಗದ, ತಪಾಸಣೆಯ ಸಾಮರ್ಥ್ಯ ಎರಡೂ ಮೂರನೇ ಮಟ್ಟಕ್ಕೆ (ಮುಕ್ಕಾಲು ವೃತ್ತ) ಕಡಿಮೆಯಿಲ್ಲದೆ ಇರುವ ಆಪರೇಟರ್ ಅಂತ ವ್ಯಾಖ್ಯಾನ ಕೊಟ್ಟೆವು. ಆಮೇಲೆ ಯಾರ ಹೆಸರ ಮುಂದೆಯೂ ಸೆಟ್ಟರ್ ಅಂತ ಬರೆಯುವ ಕೆಲಸವಿಲ್ಲ, ತಾನಾಗಿ ಬೀಳುತ್ತದೆ. ಸೂಪರ್‌ವೈಸರ್‌ಗಳ ಜಗಳವೂ ವ್ಯಕ್ತಿಗಳನ್ನು ಬಿಟ್ಟು ವ್ಯಾಖ್ಯಾನದ ಮೇಲೆ ತಿರುಗಿತು. ಜಗಳ ನಿಂತಿತು ಅಂತ ಹೇಳುವುದಿಲ್ಲ.

ಈಗ ಮಂಜುನಾಥನ ಕಥೆ. ಪ್ರತಿ ಕಾರ್ಖಾನೆಯಲ್ಲೂ ಮಂಜುನಾಥರು ಒಬ್ಬರಿಗಿಂತ ಹೆಚ್ಚಿರುತ್ತಾರೆ, ಅದಿರಲಿ. ಒಂದು ಮಷಿನ್‌ಗೆ ಇನ್‌ಚಾರ್ಜ್ ಒಬ್ಬನೇ ಅಂತ ಔಲ್‌ನಲ್ಲಿ ಬರೆದು, ಅದೇ ಮಷಿನ್‌ಗೆ ಮಂಜುನಾಥ ಮತ್ತು ಫಯಾಜ್ ಇಬ್ಬರನ್ನೂ ಹಾಕಿ ನೋಡಿ. ತಪ್ಪು ತೋರಿಸುತ್ತದೆ ಅಂದುಕೊಂಡರೆ, ಇಲ್ಲ. ‘ಹಾಗಾದರೆ ಮಂಜುನಾಥ, ಫಯಾಜ್ ಒಬ್ಬನೇ ಮನುಷ್ಯ’ ಎಂದು ಶಾಂತವಾಗಿ ತೀರ್ಮಾನಿಸುತ್ತದೆ. ಹೆಸರು ಬೇರೆಯಾದರೆ ಆಳೂ ಬೇರೆ ಅನ್ನುವ ನಂಬಿಕೆ ಔಲ್‌ಗೆ ಇಲ್ಲ. ಇವರೆಲ್ಲ ಬೇರೆ ಬೇರೆ ವ್ಯಕ್ತಿಗಳು ಅಂತ ನಾವೇ ಹೇಳಬೇಕು.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಬರೆದಿಲ್ಲದ್ದನ್ನು ಔಲ್ ‘ಇಲ್ಲ’ ಅನ್ನುವುದಿಲ್ಲ, ‘ಗೊತ್ತಿಲ್ಲ’ ಅನ್ನುತ್ತದೆ. ಕ್ರೇನ್ ಸುರಕ್ಷತಾ ತರಬೇತಿ ಆಗದವರು ಯಾರು ಅಂತ ಪ್ರೊಟೆಜೆಯಲ್ಲಿ ರೀಸನರ್‌ಗೆ ಪ್ರಶ್ನೆ ಹಾಕುವ ಡಿಎಲ್ ಕ್ವೆರಿಯಲ್ಲಿ ಕೇಳಿದರೆ ಖಾಲಿ ಉತ್ತರ. ದಾಖಲೆ ಇಲ್ಲದ ಮಾತ್ರಕ್ಕೆ ತರಬೇತಿ ಆಗಿಲ್ಲ ಅಂತ ಹೇಗೆ ಹೇಳುವುದು ಅನ್ನುವುದು ಅದರ ವಾದ. ತರ್ಕಕ್ಕೆ ಇದು ಒಪ್ಪುವ ಮಾತೇ. ಹೊಸಬನಿಗೆ ಹಿಂದಿನ ಕಾರ್ಖಾನೆಯಲ್ಲಿ ಏನೇನು ಬರುತ್ತಿತ್ತೋ ನಮಗೂ ಗೊತ್ತಿರುವುದಿಲ್ಲ. ಆದರೆ ಸುರಕ್ಷತೆಯ ವಿಷಯದಲ್ಲಿ ದಾಖಲೆ ಇಲ್ಲ ಅಂದರೆ ತರಬೇತಿ ಇಲ್ಲ ಅಂತಲೇ ನಡೆಯಬೇಕು. ಅವಧಿ ಮುಗಿದ ಸರ್ಟಿಫಿಕೇಟ್‌ಗಳದ್ದೂ ಇದೇ ಪಾಡು, ‘ಇವತ್ತು’ ಅನ್ನುವುದೇ ಔಲ್‌ನ ತರ್ಕದೊಳಗೆ ಇಲ್ಲ. ಇಂಥ ಪ್ರಶ್ನೆಗಳನ್ನು ಪ್ರೊಟೆಜೆಯಿಂದ ಆಚೆ ಒಯ್ಯಬೇಕು. ಇರುವ ದಾಖಲೆ ಇಷ್ಟೇ ಅಂತ ಹಿಡಿದು ಪರೀಕ್ಷಿಸಲು ಶ್ಯಾಕಲ್ ಅನ್ನುವ ನಿಯಮ ಬರೆಯುವ ಭಾಷೆ ಇದೆ, 2017ರಲ್ಲಿ ಮಾನಕವಾಯಿತು. ದಿನಾಂಕ ಹೋಲಿಸಲು ಇಂಥ ಮಾಹಿತಿಗೆ ಪ್ರಶ್ನೆ ಕೇಳುವ ಭಾಷೆಯಾದ ಸ್ಪಾರ್ಕಲ್‌ನ ಕ್ವೆರಿ ಸಾಕು. ನಮ್ಮಲ್ಲಿ ಈಗ ವ್ಯಾಖ್ಯಾನಗಳಷ್ಟೇ ಪ್ರೊಟೆಜೆಯಲ್ಲಿವೆ. ಜನರ ದಾಖಲೆ ಮಾಮೂಲಿ ಡೇಟಾಬೇಸಿನಲ್ಲಿದೆ. ರಾತ್ರಿ ಒಂದು ಸ್ಕ್ರಿಪ್ಟ್ ಎರಡನ್ನೂ ಸೇರಿಸಿ ತಪಾಸಣೆ ನಡೆಸಿ ಬೆಳಿಗ್ಗೆಗೆ ಪಟ್ಟಿ ಕೊಡುತ್ತದೆ. ಪಟ್ಟಿ ನೋಡುವ ಸೂಪರ್‌ವೈಸರ್‌ಗೆ ಆಂಟಾಲಜಿ ಅನ್ನುವ ಮಾತೇ ಗೊತ್ತಿಲ್ಲ, ಗೊತ್ತಿರಬೇಕಾದ್ದೂ ಇಲ್ಲ.

ಕೌಶಲಗಳ ಪಟ್ಟಿಯನ್ನು ಸೊನ್ನೆಯಿಂದ ಬರೆಯಬೇಡಿ. ಯುರೋಪಿಯನ್ ಕಮಿಷನ್ 2017ರಿಂದ ಕೊಡುತ್ತಿರುವ ಉದ್ಯೋಗ ಮತ್ತು ಕೌಶಲಗಳ ಎಸ್ಕೊ ವರ್ಗೀಕರಣ ಉಚಿತ. 2024ರ 1.2 ಆವೃತ್ತಿಯಲ್ಲಿ 3,039 ಉದ್ಯೋಗಗಳು, 13,939 ಕೌಶಲಗಳಿವೆ. ಯಾವ ಉದ್ಯೋಗಕ್ಕೆ ಯಾವುದು ಅತ್ಯಗತ್ಯ, ಯಾವುದು ಐಚ್ಛಿಕ ಎಂದು ಬಿಡಿಸಿಟ್ಟಿದೆ. ನಮ್ಮ ದೇಶದ ರಾಷ್ಟ್ರೀಯ ಉದ್ಯೋಗ ವರ್ಗೀಕರಣ, ಅಂದರೆ ಎನ್‌ಸಿಒ 2015, ಮತ್ತು ಎಸ್ಕೊ ಎರಡೂ ಐಎಸ್‌ಸಿಒ-08 ಎಂಬ ಒಂದೇ ಅಂತರರಾಷ್ಟ್ರೀಯ ಚೌಕಟ್ಟಿನ ಮೇಲೆ ನಿಂತಿವೆ. ಲೋಹ ಕೆಲಸದ ಮಷಿನ್ ಟೂಲ್ ಸೆಟ್ಟರ್ ಮತ್ತು ಆಪರೇಟರ್‌ಗಳ ಗುಂಪು 7223. ಎನ್‌ಸಿಒದ ಎಂಟು ಅಂಕಿಗಳಲ್ಲಿ ಮೊದಲ ನಾಲ್ಕನ್ನು ಹಿಡಿದುಕೊಂಡರೆ ಅಲ್ಲಿಂದ ಎಸ್ಕೊಗೆ ದಾಟಬಹುದು. ಆದರೆ ಎಸ್ಕೊದಲ್ಲಿ ಮಟ್ಟಗಳಿಲ್ಲ. ಕೌಶಲದ ಹೆಸರಿದೆ, ಎಷ್ಟು ಬರಬೇಕು ಅನ್ನುವುದಿಲ್ಲ. ನಮ್ಮ ಕಾಲು, ಅರ್ಧ, ಮುಕ್ಕಾಲನ್ನು ನಾವೇ ಹೊಲಿದುಕೊಳ್ಳಬೇಕು. ಇನ್ನೊಂದು ಮಾತು, ಎಸ್ಕೊ ಕಡತವನ್ನು ಇಡಿಯಾಗಿ ಪ್ರೊಟೆಜೆಯಲ್ಲಿ ತೆರೆಯಬೇಡಿ. ಅದು ಪದಪಟ್ಟಿಗಳನ್ನು ಬರೆಯುವ ಸ್ಕಾಸ್ ಅನ್ನುವ ಮಾದರಿಯಲ್ಲಿದೆ, ಕೌಶಲಗಳು ವರ್ಗಗಳ ಮರದಲ್ಲಿ ಕಾಣದೆ ಬಿಡಿ ವಸ್ತುಗಳಾಗಿ ಸುರಿಯುತ್ತವೆ. ಬೇಕಾದ ಗುಂಪನ್ನಷ್ಟೇ ಸ್ಪಾರ್ಕಲ್‌ನಿಂದ ಕತ್ತರಿಸಿ ತನ್ನಿ.

ಎಸ್ಕೊ ಇಪ್ಪತ್ತೆಂಟು ಭಾಷೆಗಳಲ್ಲಿದೆ, ಅವುಗಳಲ್ಲಿ ಭಾರತದ ಭಾಷೆ ಒಂದೂ ಇಲ್ಲ. ಪ್ರೊಟೆಜೆಯಲ್ಲಿ ಮಾತ್ರ ಕನ್ನಡಕ್ಕೆ ಅಡ್ಡಿಯಿಲ್ಲ. ಪ್ರತಿ ವರ್ಗಕ್ಕೂ ಕನ್ನಡದ ಲೇಬಲ್ ಕೊಟ್ಟು, ತೋರಿಸುವ ಭಾಷೆಗಳ ಸರದಿಯಲ್ಲಿ ಕನ್ನಡವನ್ನು ಮೊದಲು ಇಟ್ಟರೆ ಇಡೀ ಮರ ಕನ್ನಡದಲ್ಲೇ ಕಾಣುತ್ತದೆ. ಶಾಪ್ ಫ್ಲೋರ್‌ನ ಹಿರಿಯರನ್ನು ಪರದೆಯ ಮುಂದೆ ಕೂರಿಸಿಕೊಂಡು ‘ಇದು ಇದರ ಕೆಳಗೆ ಬರುತ್ತದಾ’ ಅಂತ ಕೇಳಲು ಸಾಧ್ಯವಾದದ್ದು ಇದರಿಂದ. ಲೇಬಲ್‌ಗಳಲ್ಲಿ ಚಿಪ್ (ಕತ್ತರಿಸುವಾಗ ಬೀಳುವ ಲೋಹದ ಚೂರು), ಇನ್ಸರ್ಟ್ (ಟೂಲಿನ ತುದಿಯ ಬದಲಿಸಬಹುದಾದ ಅಲಗು), ಡ್ರೆಸ್ಸಿಂಗ್ (ಗ್ರೈಂಡಿಂಗ್ ವೀಲ್ ಹರಿತಗೊಳಿಸುವುದು) ಅಂತಲೇ ಇಟ್ಟಿದ್ದೇವೆ. ಯಾರೂ ಆಡದ ಪದ ಕಟ್ಟಿಕೊಂಡು ಪ್ರಯೋಜನವಿಲ್ಲ.

ಹಿರಿಯರ ಜ್ಞಾನದ ವಿಷಯಕ್ಕೆ ಬಂದರೆ ಈ ಸಾಧನದ ಮಿತಿಯೂ ಗೊತ್ತಾಗುತ್ತದೆ. ಗ್ರೈಂಡಿಂಗ್ ವೀಲ್ ಮೊಂಡಾಗಿ ಡ್ರೆಸ್ಸಿಂಗ್ ಕೇಳುತ್ತಿದೆ ಅನ್ನುವುದನ್ನು ಪಳಗಿದವನು ಕಿವಿಯಿಂದಲೇ ಹಿಡಿಯುತ್ತಾನೆ. ಉಕ್ಕಿನ ಚಿಪ್ ನೀಲಿ ತಿರುಗಿದ್ದರಿಂದ ಶಾಖ ಎಷ್ಟು ಅಂತ ಅಂದಾಜು ಮಾಡುತ್ತಾನೆ. ಅದನ್ನೆಲ್ಲ ವರ್ಗ, ಸಂಬಂಧಗಳಲ್ಲಿ ಬರೆಯಲು ಹೊರಟರೆ ಕೈಗೆ ಸಿಗುವುದು ಒಣ ವಾಕ್ಯಗಳು. ಇಂಥ ತಿಳಿವಳಿಕೆ ಇದೆ, ಇಂಥವರ ಬಳಿ ಇದೆ, ಇವರ ನಿವೃತ್ತಿಗೆ ಮುಂಚೆ ಇನ್ನೊಬ್ಬರಾದರೂ ಎರಡನೇ ಮಟ್ಟಕ್ಕೆ ಬಂದಿರಬೇಕು, ಇಷ್ಟನ್ನು ಮಾತ್ರ ಆಂಟಾಲಜಿ ನೆಟ್ಟಗೆ ಹಿಡಿಯುತ್ತದೆ. ಉಳಿದದ್ದಕ್ಕೆ ಮೊಬೈಲ್‌ನಲ್ಲಿ ಹಿಡಿದ ವಿಡಿಯೊ, ಅದರ ಕೊಂಡಿಯನ್ನು ಆ ಸಾಮರ್ಥ್ಯಕ್ಕೆ ಅಂಟಿಸಿದ್ದೇವೆ.

ಒಂದು ಎಚ್ಚರಿಕೆ ತಂತ್ರಾಂಶದ್ದಲ್ಲ, ಮನುಷ್ಯರದು. ಹೆಸರಿನ ಮುಂದೆ ಮಟ್ಟ ಬರೆಯುತ್ತಿದ್ದಾರೆ ಅಂದ ಕೂಡಲೇ ಇದು ಇನ್‌ಕ್ರಿಮೆಂಟಿಗೋ ಮನೆಗೆ ಕಳಿಸುವುದಕ್ಕೋ ಅನ್ನುವ ಅನುಮಾನ ಏಳುತ್ತದೆ, ಏಳುವುದು ನ್ಯಾಯವೇ. ತನ್ನ ದಾಖಲೆ ತಾನು ನೋಡುವ, ಪುರಾವೆ ತಪ್ಪಿದ್ದರೆ ತಕರಾರು ಹಾಕುವ ದಾರಿ ಮೊದಲ ದಿನದಿಂದ ಇರಬೇಕು. ಪುರಾವೆಯ ಜಾಗದಲ್ಲಿ ಸೂಪರ್‌ವೈಸರ್‌ನ ಅಭಿಪ್ರಾಯದ ಬದಲು ಫಸ್ಟ್ ಪೀಸ್ ವರದಿಯ ನಂಬರ್ ಬಂದ ಮೇಲೆ ನಮ್ಮಲ್ಲಿ ಅನುಮಾನ ಒಂದಷ್ಟು ತಗ್ಗಿತು.

ಶುರು ಮಾಡುವವರಿಗೆ ಕೊನೆಯದಾಗಿ ಒಂದೆರಡು ಸಣ್ಣ ವಿಷಯ. ಹಳೇ ಎಕ್ಸೆಲ್‌ನಿಂದ ಸಾಲುಗಳನ್ನು ಎತ್ತಲು ಡೆಸ್ಕ್‌ಟಾಪ್ ಪ್ರೊಟೆಜೆಯ ಸೆಲ್ಫಿ ಪ್ಲಗಿನ್ ಇದೆ, ನಿಯಮ ಬರೆಯಲು ಅರ್ಧ ದಿನ ತಲೆ ಕೆಡಿಸಿಕೊಂಡರೆ ಆಮೇಲೆ ಸಲೀಸು. ಹಲವರು ಕೂಡಿ ಬರೆಯುವುದಿದ್ದರೆ ವೆಬ್‌ಪ್ರೊಟೆಜೆ ಚೆನ್ನಾಗಿದೆ, ಯಾರು ಯಾವಾಗ ಏನು ಬದಲಿಸಿದರು ಅನ್ನುವ ಇತಿಹಾಸ ಸಿಗುತ್ತದೆ. ಆದರೆ ಅದರಲ್ಲಿ ರೀಸನರ್ ಇಲ್ಲ, ಕಡತವನ್ನು ಇಳಿಸಿಕೊಂಡು ಡೆಸ್ಕ್‌ಟಾಪ್‌ನಲ್ಲೇ ಓಡಿಸಬೇಕು. ರಾತ್ರಿ ರೀಸನರ್ ಓಡಿಸಲು, ಸ್ಪಾರ್ಕಲ್ ತಪಾಸಣೆ ನಡೆಸಲು ಕಮಾಂಡ್ ಲೈನಿನ ರೋಬಾಟ್ ಅನ್ನುವ ಸಾಧನ ಸಾಕು, ಅದೂ ಉಚಿತ. ಮೊದಲು ಒಂದೇ ಸೆಕ್ಷನ್ ಹಿಡಿಯಿರಿ, ಅದೂ ಸೂಪರ್‌ವೈಸರ್ ಜಗಳಕ್ಕೆ ಸಿದ್ಧನಿರುವ ಸೆಕ್ಷನ್.